ನಿಮ್ಮ ಫೋಟೋ ಕೇಳದೆ ಹಾಕಿಕೊಂಡಿದ್ದಾರಾ? ಮೊದಲು ಸಾಕ್ಷಿ, ಆಮೇಲೆ ಮಾತು

ನೀವು ಕಾದು ಕೂತು ತೆಗೆದ ಫೋಟೋ ಇನ್ಯಾರದೋ ಸೈಟಿನಲ್ಲಿ, ಇನ್ಯಾರದೋ ಹೆಸರಿನ ಕೆಳಗೆ ಕಂಡರೆ ಮೈ ಉರಿಯುತ್ತದೆ. ಉರಿಯಲೇಬೇಕು. ಆದರೆ ಆ ಸಿಟ್ಟಿನಲ್ಲಿ ಹೆಚ್ಚಿನವರು ಮಾಡುವ ಮೊದಲ ಕೆಲಸ ಏನು ಗೊತ್ತಾ? ಅಲ್ಲೇ ಕೆಳಗೆ "ಕಳ್ಳ" ಅಂತ ಕಾಮೆಂಟ್ ಹಾಕುವುದು. ಫೋಟೋ ಹಾಕಿಕೊಂಡವರು ತಕ್ಷಣ ಕಾಮೆಂಟನ್ನೂ ಅಳಿಸಿ, ಫೋಟೋವನ್ನೂ ಕಿತ್ತುಹಾಕಿ, "ನಾವು ಹಾಕೇ ಇರಲಿಲ್ಲ" ಅಂದುಬಿಟ್ಟರೆ ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಆದ್ದರಿಂದ ಇಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದೇ ಮುಖ್ಯ. ಮೊದಲು ಸಾಕ್ಷಿ ಕೂಡಿಸಿ. ಆಮೇಲೆ ಮಾತಾಡಿ. ಮಾತಿಗೆ ಬಗ್ಗದಿದ್ದರೆ ಅವರ ಸೈಟಿಗೆ ಜಾಗ ಕೊಟ್ಟಿರುವ ಕಂಪನಿಗೆ, ಅಂದರೆ ಹೋಸ್ಟ್‌ಗೆ, ದೂರು ಕೊಡಿ.

ಹಕ್ಕಿನ ವಿಷಯದಲ್ಲಿ ಅಳುಕು ಬೇಡ. ಫೋಟೋ ತೆಗೆದವರೇ ಅದರ ಒಡೆಯರು, ಫೋಟೋದಲ್ಲಿ ಯಾರಿದ್ದರೂ ಸರಿ. ಸಂಬಳದ ಕೆಲಸಕ್ಕಾಗಿ ತೆಗೆದಿದ್ದರೆ, ದುಡ್ಡು ಪಡೆದು ಬೇರೆಯವರಿಗಾಗಿ ತೆಗೆದುಕೊಟ್ಟಿದ್ದರೆ, ಅಥವಾ ಹಕ್ಕು ಬಿಟ್ಟುಕೊಡುತ್ತೇನೆ ಅಂತ ಕರಾರಿಗೆ ಸಹಿ ಹಾಕಿದ್ದರೆ ಲೆಕ್ಕ ಬೇರೆಯಾಗಬಹುದು, ಅಷ್ಟೇ. ಕಾಪಿರೈಟ್ ಕುರಿತು 1886ರಲ್ಲಿ ಶುರುವಾದ ಬರ್ನ್ ಒಪ್ಪಂದದಲ್ಲಿ ಈಗ 180ಕ್ಕೂ ಹೆಚ್ಚು ದೇಶಗಳಿವೆ. ಅದರ ಪ್ರಕಾರ ಕಾಪಿರೈಟ್ ಹುಟ್ಟುವುದಕ್ಕೆ ನೋಂದಣಿ ಬೇಕಿಲ್ಲ, ಫೋಟೋ ಮೇಲೆ ಗುರುತು ಹಾಕಬೇಕಿಲ್ಲ. ಬ್ಲಾಗಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಾಕಿದ ಮಾತ್ರಕ್ಕೆ ಅದು ಎಲ್ಲರ ಸ್ವತ್ತೂ ಆಗುವುದಿಲ್ಲ.

ಇನ್ನು "ಚಿತ್ರಕೃಪೆ: ಇಂಟರ್ನೆಟ್" ಅಂತ ಒಂದು ಸಾಲು ಹಾಕುತ್ತಾರಲ್ಲ, ನನಗೆ ಎಲ್ಲಕ್ಕಿಂತ ಬೇಸರ ತರಿಸುವುದು ಅದೇ. ಇಂಟರ್ನೆಟ್ ಯಾವ ಫೋಟೋವನ್ನೂ ತೆಗೆಯುವುದಿಲ್ಲ. ನಿಮ್ಮ ಹೆಸರನ್ನೇ ಸರಿಯಾಗಿ ಹಾಕಿದ್ದರೂ ಅದು ಅನುಮತಿ ಪಡೆದ ಹಾಗಲ್ಲ. ಹೆಸರು ಹಾಕುವುದು ಬೇರೆ, ಕೇಳಿ ಬಳಸುವುದು ಬೇರೆ. ಇದು ಸಣ್ಣ ಸೈಟುಗಳ ಕಥೆ ಮಾತ್ರ ಅಂದುಕೊಳ್ಳಬೇಡಿ. 2010ರಲ್ಲಿ ಹೈಟಿಯಲ್ಲಿ ಭೂಕಂಪ ಆದಾಗ ಡೇನಿಯಲ್ ಮೊರೆಲ್ ಎಂಬ ಫೋಟೋಗ್ರಾಫರ್ ತಾವು ತೆಗೆದ ಚಿತ್ರಗಳನ್ನು ಟ್ವಿಟರ್ ಮೂಲಕ ಹಂಚಿಕೊಂಡಿದ್ದರು. ಅನುಮತಿ ಇಲ್ಲದೆಯೇ ಅವು ಎಎಫ್‌ಪಿ ಸುದ್ದಿಸಂಸ್ಥೆ ಮತ್ತು ಗೆಟ್ಟಿ ಇಮೇಜಸ್ ಮೂಲಕ ಜಗತ್ತಿಡೀ ಹೋದವು. ಕೇಸು ನಡೆದು 2013ರಲ್ಲಿ ನ್ಯೂಯಾರ್ಕಿನ ಜ್ಯೂರಿ ಅವರಿಗೆ 12 ಲಕ್ಷ ಡಾಲರ್ ಪರಿಹಾರ ಕೊಡಬೇಕು ಅಂತ ತೀರ್ಮಾನಿಸಿತು. ಟ್ವಿಟರ್‌ನಲ್ಲಿ ಹಾಕಿದ್ದು ಯಾರು ಬೇಕಾದರೂ ಎತ್ತಿಕೊಳ್ಳಬಹುದು ಅನ್ನುವ ವಾದ ಅಲ್ಲಿ ನಿಲ್ಲಲಿಲ್ಲ.

ನಿಜಕ್ಕೂ ಅನುಮತಿ ಇಲ್ವಾ, ನೋಡಿಕೊಳ್ಳಿ

ಮೇಲ್ ಬರೆಯುವ ಮೊದಲು ಐದು ನಿಮಿಷ ಕೂತು ಇದನ್ನು ಪರಿಶೀಲಿಸಿ. ನೀವೇ ಎಂದೋ ಆ ಫೋಟೋವನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ (ಕೆಲವು ಷರತ್ತು ಪಾಲಿಸಿದರೆ ಯಾರು ಬೇಕಾದರೂ ಬಳಸಬಹುದು ಅನ್ನುವ ಪರವಾನಗಿ) ಹಾಕಿದ್ದಿರಾ? ಹಾಗಿದ್ದರೆ ಈಗ ಮನಸ್ಸು ಬದಲಾಯಿಸಿದರೂ, ಆಗ ತೆಗೆದುಕೊಂಡವರ ಅನುಮತಿಯನ್ನು ವಾಪಸ್ ಪಡೆಯಲು ಆಗುವುದಿಲ್ಲ. ಅವರು ಹೆಸರು ಹಾಕಿಲ್ಲ, ಅಥವಾ ಆ ಪರವಾನಗಿಯ ಬೇರೆ ಷರತ್ತು ಪಾಲಿಸಿಲ್ಲ ಅಂದರೆ ಮಾತ್ರ ಪರವಾನಗಿ ಮುರಿದ ಹಾಗೆ. ಅದರಲ್ಲೂ 4.0 ಆವೃತ್ತಿಯಾದರೆ, ತಪ್ಪು ಗೊತ್ತಾದ 30 ದಿನಗಳೊಳಗೆ ಸರಿಪಡಿಸಿದವರಿಗೆ ಹಕ್ಕು ತಾನಾಗಿಯೇ ಮರಳಿ ಸಿಗುತ್ತದೆ. ಹಾಗೆಯೇ ನಿಮ್ಮ ಇನ್‌ಸ್ಟಾಗ್ರಾಂ ಪೋಸ್ಟನ್ನು ಹೆಸರು, ಲಿಂಕ್ ಸಮೇತ ಇಡಿಯಾಗಿ ಎಂಬೆಡ್ ಮಾಡಿರುವುದಕ್ಕೂ, ಫೋಟೋ ಇಳಿಸಿಕೊಂಡು ತಮ್ಮ ಸೈಟಿಗೆ ಏರಿಸಿರುವುದಕ್ಕೂ ವ್ಯತ್ಯಾಸ ಇದೆ. ವಿಮರ್ಶೆಗೆ, ಪಾಠಕ್ಕೆ, ಸುದ್ದಿಗೆ ಅಂತ ಬಳಸಿದ್ದರೆ ಬಹಳಷ್ಟು ದೇಶಗಳ ಕಾನೂನಿನಲ್ಲಿ ಸ್ವಲ್ಪ ರಿಯಾಯಿತಿ ಇರುತ್ತದೆ. ಇದನ್ನೆಲ್ಲ ಈಗಲೇ ನೋಡಿಕೊಂಡರೆ ಆಮೇಲೆ ಅವರ ಉತ್ತರ ಓದಿ ಕೈ ಹಿಸುಕಿಕೊಳ್ಳುವುದು ತಪ್ಪುತ್ತದೆ.

ಇನ್ನೊಂದು ಸಣ್ಣ ಪರೀಕ್ಷೆ. ಅವರ ಪುಟದಲ್ಲಿರುವ ನಿಮ್ಮ ಫೋಟೋ ಮೇಲೆ ರೈಟ್ ಕ್ಲಿಕ್ ಮಾಡಿ, ಹೊಸ ಟ್ಯಾಬಿನಲ್ಲಿ ತೆರೆಯಿರಿ. ಮೇಲಿನ ವಿಳಾಸದಲ್ಲಿ ನಿಮ್ಮದೇ ಸೈಟಿನ ಹೆಸರಿದ್ದರೆ ಅವರು ಫೋಟೋ ಕಾಪಿ ಮಾಡಿಲ್ಲ, ನಿಮ್ಮ ಸರ್ವರ್‌ನಿಂದಲೇ ಎಳೆದು ತೋರಿಸುತ್ತಿದ್ದಾರೆ. ಇದಕ್ಕೆ ಹಾಟ್‌ಲಿಂಕಿಂಗ್ ಅನ್ನುತ್ತಾರೆ. ಅವರ ಪುಟ ಯಾರು ತೆರೆದರೂ ಖರ್ಚಾಗುವುದು ನಿಮ್ಮ ಬ್ಯಾಂಡ್‌ವಿಡ್ತ್. ಸಮಾಧಾನದ ವಿಷಯ ಅಂದ್ರೆ ಇದನ್ನು ಯಾರನ್ನೂ ಕೇಳದೆ ನೀವೇ ನಿಲ್ಲಿಸಬಹುದು. ಹೋಸ್ಟಿಂಗ್ ಕಂಟ್ರೋಲ್ ಪ್ಯಾನೆಲ್‌ನಲ್ಲೋ, ಸೈಟಿಗೂ ಓದುಗರಿಗೂ ನಡುವೆ ನಿಂತು ಪುಟ ತಲುಪಿಸುವ ಕ್ಲೌಡ್‌ಫ್ಲೇರ್ ಸೇವೆಯಲ್ಲೋ ಹಾಟ್‌ಲಿಂಕ್ ಪ್ರೊಟೆಕ್ಷನ್ ಅಂತ ಇರುತ್ತದೆ, ಆನ್ ಮಾಡಿದರೆ ಆಯಿತು. ಆನ್ ಮಾಡಿದ ಮೇಲೆ ಗೂಗಲ್ ಇಮೇಜ್ ಹುಡುಕಾಟದಲ್ಲಿ ನಿಮ್ಮ ಚಿತ್ರಗಳು ಸರಿಯಾಗಿ ಕಾಣುತ್ತಿವೆಯಾ ಅಂತ ಒಮ್ಮೆ ನೋಡಿ. ಆದರೆ ಸಾಕ್ಷಿ ತೆಗೆದಿಟ್ಟುಕೊಳ್ಳುವ ತನಕ ಈ ಬಟನ್ ಒತ್ತಬೇಡಿ.

ಸಾಕ್ಷಿ ಕೂಡಿಸುವುದು

ನಾನು ಜಾಸ್ತಿ ಹೊತ್ತು ಕೊಡಿ ಅನ್ನುವುದು ಈ ಹಂತಕ್ಕೆ. ಮೊದಲು ಪೂರ್ತಿ ಪುಟದ ಸ್ಕ್ರೀನ್‌ಶಾಟ್. ಬರೀ ಫೋಟೋವನ್ನು ಕತ್ತರಿಸಿಕೊಂಡ ಸ್ಕ್ರೀನ್‌ಶಾಟ್ ಪ್ರಯೋಜನಕ್ಕೆ ಬರುವುದಿಲ್ಲ. ಮೇಲಿನ ವಿಳಾಸ ಪಟ್ಟಿ, ಲೇಖನದ ತಲೆಬರಹ, ಬರೆದವರ ಹೆಸರು, ಪ್ರಕಟವಾದ ತಾರೀಖು, ಸುತ್ತಲಿನ ಜಾಹೀರಾತು, ಸಾಧ್ಯವಾದರೆ ಕಂಪ್ಯೂಟರಿನ ಗಡಿಯಾರ, ಎಲ್ಲವೂ ಬರಲಿ. ಮೊಬೈಲಿನಲ್ಲಿ ವಿಳಾಸ ಅರ್ಧಕ್ಕೆ ತುಂಡಾಗುತ್ತದೆ, ಹಾಗಾಗಿ ಕಂಪ್ಯೂಟರಿನಲ್ಲೇ ತೆಗೆಯಿರಿ. ಪುಟದ ವಿಳಾಸ ಮತ್ತು ಫೋಟೋ ಫೈಲಿನ ವಿಳಾಸ ಎರಡನ್ನೂ ಬೇರೆ ಬೇರೆಯಾಗಿ ಬರೆದಿಡಿ, ಮುಂದೆ ದೂರಿನ ಫಾರ್ಮಿನಲ್ಲಿ ಎರಡೂ ಬೇಕಾಗುತ್ತವೆ. ಆಮೇಲೆ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ಗೆ ಹೋಗಿ ಅಲ್ಲಿನ 'ಸೇವ್ ಪೇಜ್ ನೌ' ಜಾಗದಲ್ಲಿ ಅವರ ಪುಟದ ವಿಳಾಸ ಹಾಕಿ. ನಿಮಗೂ ಅವರಿಗೂ ಸಂಬಂಧವಿಲ್ಲದ ಮೂರನೆಯವರ ಹತ್ತಿರ, ತಾರೀಖಿನ ಸಮೇತ, ಆ ಪುಟದ ಪ್ರತಿ ಉಳಿಯುತ್ತದೆ. ಸ್ಕ್ರೀನ್‌ಶಾಟ್ ನೀವೇ ತಿದ್ದಿದ್ದು ಅಂತ ಅವರು ವಾದಿಸಿದರೆ ಇದು ಕೈ ಹಿಡಿಯುತ್ತದೆ.

ಇನ್ನು ಫೋಟೋ ನಿಮ್ಮದೇ ಅನ್ನುವುದಕ್ಕೆ ಸಾಕ್ಷಿ. ಕ್ಯಾಮೆರಾದಿಂದ ಬಂದ ಮೂಲ ಫೈಲ್ ಹುಡುಕಿ ತೆಗೆಯಿರಿ. ರಾ ಫೈಲ್ (ಕ್ಯಾಮೆರಾ ಉಳಿಸಿದ ಕಚ್ಚಾ ಫೈಲ್) ಇದ್ದರೆ ಇನ್ನೂ ಒಳ್ಳೆಯದು. ಅದರೊಳಗೆ ತಾರೀಖು, ಸಮಯ, ಕ್ಯಾಮೆರಾ, ಲೆನ್ಸ್ ವಿವರ ಇರುತ್ತವೆ, ಕೆಲವು ಕ್ಯಾಮೆರಾಗಳಲ್ಲಿ ಸೀರಿಯಲ್ ನಂಬರ್ ಕೂಡ. ಕದ್ದವರ ಹತ್ತಿರ ಇರುವ ಪ್ರತಿಯಲ್ಲಿ ಇದೆಲ್ಲ ಸಾಮಾನ್ಯವಾಗಿ ಉಳಿದಿರುವುದಿಲ್ಲ, ಯಾಕೆಂದರೆ ಸಾಮಾಜಿಕ ಜಾಲತಾಣಗಳಿಗೆ ಏರಿಸುವಾಗಲೇ ಹೆಚ್ಚಿನ ವಿವರ ಅಳಿಸಿಹೋಗುತ್ತದೆ. ಇದಕ್ಕಿಂತಲೂ ಗಟ್ಟಿಯಾದ ಸಾಕ್ಷಿ ಒಂದಿದೆ, ಬಹಳ ಜನಕ್ಕೆ ಹೊಳೆಯುವುದೇ ಇಲ್ಲ. ಆ ಫೋಟೋದ ಹಿಂದು ಮುಂದಿನ ಫೋಟೋಗಳು. ಹಕ್ಕಿ ಹಾರುವ ಒಂದು ಫ್ರೇಮನ್ನು ಅವರು ಎತ್ತಿಕೊಂಡಿರಬಹುದು. ಆದರೆ ಅದೇ ಹಕ್ಕಿ ಕೊಂಬೆಯ ಮೇಲೆ ಕೂತಿರುವ ಹಿಂದಿನ ಫ್ರೇಮ್, ರೆಕ್ಕೆ ಅರ್ಧ ಬಿಚ್ಚಿ ಮಸುಕಾಗಿ ಬಂದ ನಡುವಿನ ಫ್ರೇಮ್, ಬರೀ ಕೊಂಬೆ ಉಳಿದ ಮುಂದಿನ ಫ್ರೇಮ್, ಇವು ನಿಮ್ಮ ಹತ್ತಿರ ಬಿಟ್ಟರೆ ಇನ್ಯಾರ ಹತ್ತಿರವೂ ಇರುವುದು ಸಾಧ್ಯವಿಲ್ಲ. ಕ್ರಾಪ್ ಮಾಡಿ ಹಾಕಿದ್ದರೆ ಕತ್ತರಿಸಿದ ಅಂಚು ಕೂಡ ನಿಮ್ಮಲ್ಲಿ ಮಾತ್ರ ಇರುತ್ತದೆ. ಆದ್ದರಿಂದ ಚೆನ್ನಾಗಿ ಬಂದಿಲ್ಲ ಅಂತ ಎಲ್ಲವನ್ನೂ ಡಿಲೀಟ್ ಮಾಡಬೇಡಿ.

ಇದೇ ಹೊತ್ತಿನಲ್ಲಿ ಫೋಟೋ ಇನ್ನೆಲ್ಲಿ ಹರಡಿದೆ ಅಂತಲೂ ನೋಡಿಬಿಡಿ. ಗೂಗಲ್ ಲೆನ್ಸ್, ಬಿಂಗ್, ಟಿನ್‌ಐ, ಮೂರರಲ್ಲೂ ಫೋಟೋವನ್ನೇ ಕೊಟ್ಟು ಹುಡುಕಿ, ಒಂದರಲ್ಲಿ ಸಿಗದ್ದು ಇನ್ನೊಂದರಲ್ಲಿ ಸಿಗುತ್ತದೆ. ಟಿನ್‌ಐನಲ್ಲಿ ಹಳೆಯದು ಮೊದಲು ಬರುವಂತೆ ಜೋಡಿಸಬಹುದು. ಆದರೆ ಅಲ್ಲಿ ತೋರಿಸುವ ತಾರೀಖು ಟಿನ್‌ಐ ಕಣ್ಣಿಗೆ ಅದು ಮೊದಲು ಬಿದ್ದ ದಿನ, ಪ್ರಕಟವಾದ ದಿನವಲ್ಲ. ಎಡಬಲ ತಿರುಗಿಸಿ ಹಾಕುವ ಚಾಳಿ ಕೆಲವರಿಗಿದೆ. ಅನುಮಾನ ಬಂದರೆ ನಿಮ್ಮ ಫೋಟೋವನ್ನೂ ತಿರುಗಿಸಿ ಹುಡುಕಿ ನೋಡಿ.

ಈಗ ಮಾತು

ನಿಮಗೇನು ಬೇಕು ಅಂತ ಮೊದಲು ನೀವೇ ತೀರ್ಮಾನಿಸಿಕೊಳ್ಳಿ. ತೆಗೆಯಬೇಕಾ, ಹೆಸರು ಮತ್ತು ಲಿಂಕ್ ಹಾಕಿದರೆ ಸಾಕಾ, ಬಳಸಿದ್ದಕ್ಕೆ ದುಡ್ಡು ಬೇಕಾ? ಮೂರನ್ನೂ ಒಂದೇ ಮೇಲ್‌ನಲ್ಲಿ ತುಂಬಿದರೆ ಓದಿದವರಿಗೆ ಗೊಂದಲ, ಉತ್ತರ ಬರುವುದೂ ತಡ. ಗೊತ್ತಿಲ್ಲದೆ ಮಾಡುವವರು ನಿಜಕ್ಕೂ ತುಂಬಾ ಜನ ಇದ್ದಾರೆ, ಹಾಗಾಗಿ ಮೊದಲ ಮೇಲ್‌ನಲ್ಲಿ ಬೈಗುಳ ಬೇಡ, ಬೆದರಿಕೆಯೂ ಬೇಡ. ಹಾಗಂತ "ಬೇಜಾರಾಗದಿದ್ದರೆ ದಯವಿಟ್ಟು" ಅಂತ ಅಂಗಲಾಚುವುದೂ ಬೇಡ. ವಸ್ತು ನಿಮ್ಮದು. ಹೀಗೆ ಬರೆದರೆ ಸಾಕು:

"ನಮಸ್ಕಾರ. ನಿಮ್ಮ ಈ ಪುಟದಲ್ಲಿರುವ (ವಿಳಾಸ) ಫೋಟೋ ನಾನು ತೆಗೆದದ್ದು. ಮೂಲ ಇಲ್ಲಿದೆ (ವಿಳಾಸ), ಪ್ರಕಟಿಸಿದ ದಿನ ಇದು (ತಾರೀಖು). ಇದನ್ನು ಬಳಸಲು ನಾನು ಅನುಮತಿ ಕೊಟ್ಟಿಲ್ಲ. ಏಳು ದಿನಗಳೊಳಗೆ ಪುಟದಿಂದಲೂ ಸರ್ವರ್‌ನಿಂದಲೂ ಇದನ್ನು ತೆಗೆದು, ತೆಗೆದಿದ್ದೇವೆ ಎಂದು ಈ ಮೇಲ್‌ಗೆ ಉತ್ತರ ಬರೆಯಿರಿ. ಪುಟದ ಸ್ಕ್ರೀನ್‌ಶಾಟ್ ಲಗತ್ತಿಸಿದ್ದೇನೆ."

ಸರ್ವರ್‌ನಿಂದಲೂ ಅನ್ನುವ ಮಾತು ಬಿಡಬೇಡಿ. ಲೇಖನದಿಂದ ಚಿತ್ರ ತೆಗೆದರೂ ಫೈಲ್ ಅದರ ವಿಳಾಸದಲ್ಲಿ ಹಾಗೇ ಕೂತಿರುತ್ತದೆ, ಹುಡುಕಿದವರಿಗೆ ಸಿಗುತ್ತಲೇ ಇರುತ್ತದೆ. ದುಡ್ಡು ಕೇಳುವುದಾದರೆ, ನೀವು ಸಾಮಾನ್ಯವಾಗಿ ಅಂಥ ಬಳಕೆಗೆ ತೆಗೆದುಕೊಳ್ಳುವ ದರವನ್ನೇ ಬಿಲ್ ಮಾಡಿ ಕಳಿಸಿ. ಹೆದರಿಸುವುದಕ್ಕೆ ಅಂತ ದೊಡ್ಡ ಮೊತ್ತ ಬರೆದರೆ ಅವರು ಉತ್ತರ ಕೊಡುವುದನ್ನೇ ನಿಲ್ಲಿಸುತ್ತಾರೆ.

ಮಾತಿಗೆ ಬಗ್ಗದಿದ್ದರೆ

ಗಡುವು ಮುಗಿದರೂ ಸುಮ್ನೆ ಇದ್ದಾರಾ? ಅವರ ಹಿಂದೆ ಬೀಳಬೇಡಿ, ಅವರ ಹೋಸ್ಟಿಂಗ್ ಕಂಪನಿಯನ್ನು ಹಿಡಿಯಿರಿ. ಅಮೆರಿಕದ 1998ರ ಡಿಎಂಸಿಎ (ಡಿಜಿಟಲ್ ಮಿಲೇನಿಯಂ ಕಾಪಿರೈಟ್ ಆಕ್ಟ್) ಕಾನೂನಿನ ಪ್ರಕಾರ, ಸರಿಯಾದ ನೋಟಿಸ್ ಬಂದ ಮೇಲೆ ಬೇಗ ತೆಗೆದುಹಾಕುವ ಕಂಪನಿಗೆ ಮಾತ್ರ ಕಾನೂನಿನ ರಕ್ಷಣೆ ಇರುತ್ತದೆ. ಹಾಗಾಗಿ ಅವರು ತಲೆಕೆಡಿಸಿಕೊಳ್ಳಲೇಬೇಕು. ನೀವು ಅಮೆರಿಕದಲ್ಲಿ ಇರಬೇಕಿಲ್ಲ, ಹೋಸ್ಟ್ ಅಲ್ಲಿದ್ದರೆ ಸಾಕು. ಯುರೋಪಿಯನ್ ಒಕ್ಕೂಟದಲ್ಲೂ ಇಂಥದ್ದೇ ದೂರಿನ ವ್ಯವಸ್ಥೆ ಡಿಜಿಟಲ್ ಸರ್ವಿಸಸ್ ಆಕ್ಟ್ ಅಡಿಯಲ್ಲಿದೆ.

ಹೋಸ್ಟ್ ಯಾರು ಅಂತ ತಿಳಿಯಲು ಡೊಮೇನ್ ವಿವರ ತೋರಿಸುವ ಐಕ್ಯಾನ್ ಲುಕಪ್ ಪುಟದಲ್ಲಿ ಅವರ ಸೈಟಿನ ಡೊಮೇನ್ ಹೆಸರು ಹಾಕಿ. ಅಲ್ಲಿ ಕಾಣುವ ರಿಜಿಸ್ಟ್ರಾರ್ ಡೊಮೇನ್ ಮಾರಿದ ಕಂಪನಿ, ಅದೇ ಹೋಸ್ಟ್ ಆಗಿರಬೇಕು ಅಂತೇನಿಲ್ಲ. ಕೆಳಗಿರುವ ನೇಮ್‌ಸರ್ವರ್ ಸಾಲು ಹೆಚ್ಚು ಸುಳಿವು ಕೊಡುತ್ತದೆ. ಅಲ್ಲಿ ಕ್ಲೌಡ್‌ಫ್ಲೇರ್ ಅಂತ ಬಂದರೆ ನಿಜವಾದ ಹೋಸ್ಟ್ ಅದರ ಹಿಂದೆ ಮರೆಯಾಗಿದೆ ಅಂತ ಅರ್ಥ. ಕ್ಲೌಡ್‌ಫ್ಲೇರ್‌ನ ದೂರಿನ ಫಾರ್ಮ್ ತುಂಬಿದರೆ ಅವರು ಹೋಸ್ಟ್‌ಗೆ ದಾಟಿಸುತ್ತಾರೆ.

ನೋಟಿಸ್‌ನಲ್ಲಿ ಇರಲೇಬೇಕಾದ್ದು ಇಷ್ಟು: ನಿಮ್ಮ ಮೂಲ ಫೋಟೋ ಯಾವುದು, ನಕಲು ಎಲ್ಲಿದೆ, ನಿಮ್ಮನ್ನು ಸಂಪರ್ಕಿಸುವ ವಿವರ, ಈ ಬಳಕೆಗೆ ಅನುಮತಿ ಇಲ್ಲ ಎಂದು ಪ್ರಾಮಾಣಿಕವಾಗಿ ನಂಬಿದ್ದೇನೆ ಎಂಬ ಮಾತು, ವಿವರಗಳು ಸರಿಯಾಗಿವೆ ಮತ್ತು ನಾನೇ ಹಕ್ಕುದಾರ ಅಥವಾ ಹಕ್ಕುದಾರರ ಪರವಾಗಿ ಬರೆಯುವ ಅಧಿಕಾರ ಇರುವವರು ಎಂಬ ಪ್ರಮಾಣ, ಸಹಿ. ಟೈಪ್ ಮಾಡಿದ ಹೆಸರೂ ಸಹಿಯಾಗಿ ನಡೆಯುತ್ತದೆ. ಸುಳ್ಳು ನೋಟಿಸ್ ಕೊಟ್ಟರೆ ನೀವೇ ನಷ್ಟ ಕಟ್ಟಿಕೊಡಬೇಕಾಗಬಹುದು. ಮೇಲೆ ಹೇಳಿದ ಆ ಐದು ನಿಮಿಷದ ಪರಿಶೀಲನೆ ಇದಕ್ಕೂ ಬೇಕು. ನಿಮ್ಮ ವಿವರ ಎದುರಿನವರಿಗೆ ಹೋಗುವ ಸಾಧ್ಯತೆ ಇದೆ. ಗೂಗಲ್‌ಗೆ ಕಳಿಸಿದ ನೋಟಿಸ್‌ಗಳ ಪ್ರತಿ ಲ್ಯೂಮೆನ್ ಎಂಬ ಸಾರ್ವಜನಿಕ ಸಂಗ್ರಹಕ್ಕೂ ಹೋಗುತ್ತದೆ. ಹಾಗಾಗಿ ಇಂಥದ್ದಕ್ಕೆ ಬೇರೆಯೇ ಒಂದು ಇಮೇಲ್ ವಿಳಾಸ ಇಟ್ಟುಕೊಳ್ಳಿ.

ಫೋಟೋ ತೆಗೆದದ್ದು ತಪ್ಪು ಅಂತ ಅವರು ಎದುರು ನೋಟಿಸ್ (ಕೌಂಟರ್ ನೋಟಿಸ್) ಕೊಟ್ಟರೆ, ನೀವು ಕೋರ್ಟಿಗೆ ಹೋಗದಿದ್ದ ಪಕ್ಷದಲ್ಲಿ 10ರಿಂದ 14 ಕೆಲಸದ ದಿನಗಳಲ್ಲಿ ಫೋಟೋ ಮತ್ತೆ ಮೇಲೆ ಬರಬಹುದು. ಹಾಗೆ ಬರೆಯುವವರೂ ತಮ್ಮ ಹೆಸರು, ವಿಳಾಸ ಕೊಟ್ಟು ಪ್ರಮಾಣ ಮಾಡಬೇಕು. ಕದ್ದವರಿಗೆ ಅಷ್ಟು ಧೈರ್ಯ ಇರುವುದು ಕಡಿಮೆ.

ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್, ಪಿಂಟರೆಸ್ಟ್ ಎಲ್ಲಕ್ಕೂ ಅವರದೇ ಕಾಪಿರೈಟ್ ಫಾರ್ಮ್ ಇದೆ, ಅದನ್ನೇ ಬಳಸಿ. ಗೆಳೆಯರಿಗೆಲ್ಲ ಹೇಳಿ ರಿಪೋರ್ಟ್ ಮಾಡಿಸುವುದರಿಂದ ಏನೂ ಆಗುವುದಿಲ್ಲ, ಕಾಪಿರೈಟ್ ದೂರನ್ನು ಹಕ್ಕುದಾರರು ಅಥವಾ ಅವರ ಪ್ರತಿನಿಧಿಯೇ ಕೊಡಬೇಕು. ನಿಮ್ಮ ಮುಖದ ಫೋಟೋ ಇಟ್ಟು ನಕಲಿ ಪ್ರೊಫೈಲ್ ಮಾಡಿದ್ದರೆ ಕಾಪಿರೈಟ್ ದಾರಿ ಹಿಡಿಯಬೇಡಿ, ವೇಷಧಾರಿ ಖಾತೆ ಅಂತ ದೂರು ಕೊಡುವ ಬೇರೆ ದಾರಿ ಇದೆ, ಅದೇ ನೇರ.

ಹೋಸ್ಟ್ ಕೂಡ ಕಿವಿಗೆ ಹಾಕಿಕೊಳ್ಳದಿದ್ದರೆ ಗೂಗಲ್‌ನ ಕಾನೂನು ದೂರಿನ ಫಾರ್ಮ್ ತುಂಬಿ. ಅಲ್ಲಿಂದ ಸೈಟಿನಲ್ಲಿರುವ ಫೋಟೋ ಹೋಗುವುದಿಲ್ಲ, ಹುಡುಕಾಟದಲ್ಲಿ ಕಾಣುವುದು ನಿಲ್ಲುತ್ತದೆ. ಓದುಗರನ್ನು ಹುಡುಕಾಟದಿಂದಲೇ ಪಡೆಯುವ ಸೈಟುಗಳಿಗೆ ಅದೂ ದೊಡ್ಡ ಪೆಟ್ಟು. ಇನ್ನು ನಿಮ್ಮ ಫೋಟೋವನ್ನು ಜಾಹೀರಾತಿಗೆ, ಪುಸ್ತಕದ ಮುಖಪುಟಕ್ಕೆ, ಮಾರುವ ವಸ್ತುವಿನ ಮೇಲೆ ಅಚ್ಚು ಹಾಕುವುದಕ್ಕೆ ಬಳಸಿದ್ದರೆ ಈ ಮೇಲ್, ಫಾರ್ಮ್ ಯಾವುದಕ್ಕೂ ಕೈ ಹಾಕುವ ಮೊದಲು ಸಾಕ್ಷಿಗಳ ಕಡತ ಹಿಡಿದುಕೊಂಡು ವಕೀಲರನ್ನು ನೋಡಿ. ನೀವು ಮೊದಲೇ ಬರೆದ ಒಂದು ಸಾಲು ಮುಂದಿನ ಪರಿಹಾರದ ಮಾತುಕತೆಗೆ ಅಡ್ಡ ಬರಬಹುದು.

ಮುಂದೆ ಹಾಕುವ ಫೋಟೋಗಳ ವಿಷಯ. ರೈಟ್ ಕ್ಲಿಕ್ ತಡೆಯುವ ಪ್ಲಗಿನ್‌ಗಳ ಮೇಲೆ ನನಗೆ ನಂಬಿಕೆಯಿಲ್ಲ, ಒಂದು ಸ್ಕ್ರೀನ್‌ಶಾಟ್‌ಗೆ ಅವು ಸೋಲುತ್ತವೆ. ಪೂರ್ತಿ ಅಳತೆಯ ಫೈಲ್ ಏರಿಸಬೇಡಿ, ಉದ್ದದ ಬದಿ 1200 ಪಿಕ್ಸೆಲ್ ಇದ್ದರೆ ಪರದೆಗೆ ಸಾಕು, ದೊಡ್ಡ ಅಚ್ಚಿಗೆ ಸಾಲದು. ವಾಟರ್‌ಮಾರ್ಕ್ ಹಾಕುವುದಾದರೆ ಮೂಲೆಯಲ್ಲಿ ಬೇಡ, ಕತ್ತರಿಸಿದರೆ ಚಿತ್ರವೇ ಕೆಡುವಂಥ ಜಾಗದಲ್ಲಿ ತೆಳ್ಳಗೆ ಹಾಕಿ. ಫೈಲಿನೊಳಗೇ ಕೂತಿರುವ ಐಪಿಟಿಸಿ ಎಂಬ ಮಾಹಿತಿಯಲ್ಲಿ ಹೆಸರು ಮತ್ತು ಪರವಾನಗಿ ಪುಟದ ವಿಳಾಸ ತುಂಬಿ. 2020ರಿಂದ ಗೂಗಲ್ ಇಮೇಜಸ್ ಅಂಥ ಚಿತ್ರಗಳ ಮೇಲೆ ಪರವಾನಗಿಗೆ ಲಭ್ಯ ಅನ್ನುವ ಗುರುತು ತೋರಿಸುತ್ತದೆ. ಮತ್ತೆ ನಿಮ್ಮ ಬ್ಲಾಗಿನಲ್ಲಿ ಎದ್ದು ಕಾಣುವ ಕಡೆ "ಫೋಟೋ ಬೇಕಿದ್ದರೆ ಇಲ್ಲಿಗೆ ಬರೆಯಿರಿ" ಅಂತ ಒಂದು ಇಮೇಲ್ ಕೊಡಿ. ಕೇಳಿ ಬಳಸೋಣ ಅಂದುಕೊಂಡವರು ಯಾರನ್ನು ಕೇಳಬೇಕು ಅಂತ ಗೊತ್ತಾಗದೆ ಎತ್ತಿಕೊಂಡು ಹೋಗುವುದು ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.