ಎಕ್ಸ್ ಬಟನ್ ಎಷ್ಟು ಒತ್ತಬೇಕು?

ಸೋನಿಯ ವಿಡಿಯೊ ಗೇಮ್ ಯಂತ್ರ ಪ್ಲೇಸ್ಟೇಷನ್ 2ರ (ಪಿಎಸ್2) ಕಂಟ್ರೋಲರ್‌ಗೆ ಒಂದು ಗುಣ ಇದೆ. ವರ್ಷಗಟ್ಟಲೆ ಆಡಿದವರಲ್ಲೂ ಎಷ್ಟೋ ಜನ ಅದನ್ನು ಗಮನಿಸಿರುವುದಿಲ್ಲ. ಬಟನ್ ಒತ್ತಿದ್ದು ಮಾತ್ರವಲ್ಲ, ಎಷ್ಟು ಜೋರಾಗಿ ಒತ್ತಿದ್ದು ಅನ್ನುವುದೂ ಅದಕ್ಕೆ ಗೊತ್ತಾಗುತ್ತದೆ. ಸ್ಟಾರ್ಟ್, ಸೆಲೆಕ್ಟ್‌ನಂಥ ಕೆಲವನ್ನು ಬಿಟ್ಟರೆ ಉಳಿದ ಬಟನ್‌ಗಳೆಲ್ಲ ಹೀಗೆಯೇ. ಡ್ಯುಯಲ್‌ಶಾಕ್ 2 ಅಂತ ಅದರ ಹೆಸರು. ನಿನ್ನ ಮೆಚ್ಚಿನ ಪಿಎಸ್2 ಆಟಗಳು ಯಾವುವು ಅಂತ ಯಾರಾದರೂ ಕೇಳಿದರೆ, ಈ ಪ್ಯಾಡ್ ಕೈಯಲ್ಲಿದ್ದರೆ ಮಾತ್ರ ಪೂರ್ತಿ ಅನುಭವಕ್ಕೆ ಬರುವ ಆಟಗಳನ್ನೇ ನಾನು ಹೇಳುವುದು. ಗ್ರಾಫಿಕ್ಸ್ ಚೆನ್ನಾಗಿರುವ ಆಟಗಳು ಆಮೇಲೆ ಬೇಕಾದಷ್ಟು ಬಂದವು. ಬೆರಳಿಗೆ ಇಷ್ಟು ಕೆಲಸ ಕೊಟ್ಟವು ಮಾತ್ರ ಕಡಿಮೆ.

ಮೊದಲ ಹೆಸರು ಗ್ರಾನ್ ಟುರಿಸ್ಮೊ 4. ಜಪಾನಿನಲ್ಲಿ 2004ರ ಕೊನೆಗೆ ಬಂತು, ಹೊರಗೆ 2005ರಲ್ಲಿ. ಸುಮಾರು 700 ಕಾರುಗಳಿವೆ. ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಕಾರುಗಳ ಲೆಕ್ಕ ಅಲ್ಲ. ಇದರಲ್ಲಿ ಎಕ್ಸ್ ಬಟನ್ ಆಕ್ಸಿಲರೇಟರ್, ಸ್ಕ್ವೇರ್ ಬಟನ್ ಬ್ರೇಕ್. ಎರಡೂ ನಿಜವಾದ ಪೆಡಲ್ ಥರವೇ. ಮೆಲ್ಲಗೆ ಒತ್ತಿದರೆ ಸ್ವಲ್ಪ, ಬಲವಾಗಿ ಒತ್ತಿದರೆ ಪೂರ್ತಿ.

ಇದನ್ನು ಕಲಿಯಲು ನಾನು ಹಿಡಿದ ದಾರಿ ಹೇಳುತ್ತೇನೆ. ಕಾರು ಜಾರದಂತೆ ನೋಡಿಕೊಳ್ಳುವ ಎರಡು ಸೆಟ್ಟಿಂಗ್ ಆಟದಲ್ಲಿವೆ, ಟಿಸಿಎಸ್ ಮತ್ತು ಎಎಸ್ಎಂ. ಎರಡನ್ನೂ ಸೊನ್ನೆಗೆ ಇಳಿಸಿದೆ. ಅವು ಆನ್ ಇದ್ದರೆ ಬೆರಳಿನ ಕೆಲಸವನ್ನು ಆಟವೇ ಮಾಡಿಬಿಡುತ್ತದೆ, ನಾವು ಕಲಿಯುವುದು ಏನೂ ಉಳಿಯುವುದಿಲ್ಲ. ಆಮೇಲೆ ಹಿಂದಿನ ಚಕ್ರಗಳಿಗೆ ಎಂಜಿನ್ ಬಲ ಹೋಗುವ, ತುಂಬಾ ವೇಗ ಇಲ್ಲದ ಒಂದು ಕಾರು ತಗೊಂಡೆ. ಹೆಬ್ಬೆರಳಿನ ತುದಿ ಸ್ಕ್ವೇರ್ ಮೇಲೆ, ಗೆಣ್ಣಿನ ಭಾಗ ಎಕ್ಸ್ ಮೇಲೆ. ಹೀಗಿಟ್ಟರೆ ಬೆರಳು ಎತ್ತದೆಯೇ ಬ್ರೇಕ್‌ನಿಂದ ಆಕ್ಸಿಲರೇಟರ್‌ಗೆ ಹೊರಳಬಹುದು. ತಿರುವಿನ ಮಧ್ಯದಲ್ಲಿ ಎಕ್ಸ್ ಮೇಲೆ ಸುಮ್ನೆ ಒರಗಿದಷ್ಟು ಭಾರ, ರಸ್ತೆ ನೇರವಾಗುತ್ತಾ ಬಂದಂತೆ ಜಾಸ್ತಿ. ಅವಸರಕ್ಕೆ ಪೂರ್ತಿ ಒತ್ತಿದರೆ ಕಾರಿನ ಹಿಂಭಾಗ ಗಿರಕಿ ಹೊಡೆಯುತ್ತದೆ.

ಇದರ ನಿಜವಾದ ಪರೀಕ್ಷೆ ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ನಾರ್ಡ್‌ಶ್ಲೈಫೆ. ಒಂದು ಸುತ್ತಿಗೆ 20 ಕಿಲೋಮೀಟರ್‌ಗೂ ಹೆಚ್ಚು. ಕಾಡಿನ ನಡುವೆ ಏರು, ಇಳಿಜಾರು, ಎದುರಿಗೆ ಏನಿದೆ ಅಂತ ಕಾಣದ ತಿರುವುಗಳು. ಕರುಸೆಲ್ ಅನ್ನುವ ಕಡೆ ಕಾಂಕ್ರೀಟಿನ ವಾಲು ತಿರುವಿಗೆ ಕಾರು ಇಳಿದಾಗ ಪ್ಯಾಡ್ ಕೈಯಲ್ಲಿ ಗಡಗಡ ಅನ್ನುತ್ತದೆ. ಅಲ್ಲಿ ಎಕ್ಸ್ ಒಂದೇ ಹದದಲ್ಲಿ ನಿಲ್ಲಬೇಕು. ಹಾಗೆ ನಿಲ್ಲಿಸಲು ಬಂದ ದಿನ ಆದ ಖುಷಿ ಬೇರೆ ಯಾವ ಆಟ ಗೆದ್ದಾಗಲೂ ಆಗಿಲ್ಲ. ಹೆಬ್ಬೆರಳು ನೋಯುತ್ತದೆ, ಅದು ನಿಜ. ಬೇಕಿದ್ದವರು ಗ್ಯಾಸ್, ಬ್ರೇಕ್ ಎರಡನ್ನೂ ಬಲಗಡೆಯ ಸ್ಟಿಕ್‌ಗೆ ಹಾಕಿಕೊಳ್ಳಬಹುದು. ನನಗೆ ಬಟನ್ನೇ ಇಷ್ಟ.

ಎರಡನೆಯದು ಮೆಟಲ್ ಗಿಯರ್ ಸಾಲಿಡ್ 3. ಇದೂ 2004ರದ್ದು. 1964ರ ಸೋವಿಯತ್ ಕಾಡಿನಲ್ಲಿ ಒಬ್ಬನೇ ಅಡಗಿಕೊಂಡು ಸಾಗುವ ಸೈನಿಕನ ಕಥೆ. ಇಲ್ಲಿ ಸ್ಕ್ವೇರ್ ಒತ್ತಿ ಹಿಡಿದರೆ ಪಿಸ್ತೂಲು ಗುರಿ ಹಿಡಿಯುತ್ತದೆ, ಥಟ್ ಅಂತ ಬಿಟ್ಟರೆ ಗುಂಡು ಹಾರುತ್ತದೆ. ಮೆಲ್ಲಗೆ, ನಿಧಾನವಾಗಿ ಬಿಟ್ಟರೆ ಹಾರುವುದೇ ಇಲ್ಲ, ಪಿಸ್ತೂಲು ಕೆಳಗಿಳಿಯುತ್ತದೆ. ಸರ್ಕಲ್ ಬಟನ್ನೂ ಹಾಗೆಯೇ. ಹದವಾಗಿ ಒತ್ತಿದರೆ ಕಾವಲುಗಾರನನ್ನು ಹಿಂದಿನಿಂದ ಹಿಡಿದುಕೊಳ್ಳುತ್ತೀರಿ. ಜೋರಾಗಿ ಒತ್ತಿದರೆ ಚಾಕು ಕತ್ತಿನ ಮೇಲೆ ಆಡಿಬಿಡುತ್ತದೆ. ಒಂದು ಜೀವ ಉಳಿಯುವುದೂ ಹೋಗುವುದೂ ಹೆಬ್ಬೆರಳಿನ ಭಾರದ ಮೇಲೆ. ಯಾರನ್ನೂ ಕೊಲ್ಲದೆ ಆಡಬೇಕು ಅಂತ ಹಟ ಹಿಡಿದಾಗಲೇ ಇದು ನನಗೆ ಸರಿಯಾಗಿ ಅರ್ಥವಾದದ್ದು. ಹಿಡಿದವನನ್ನು ಬಿಡುವ ತನಕ ಉಸಿರು ಬಿಗಿಹಿಡಿದು ಕೂತಿರುತ್ತಿದ್ದೆ.

ಈ ಆಟದಲ್ಲಿ ದಿ ಎಂಡ್ ಅನ್ನುವ ಮುದುಕ ಸ್ನೈಪರ್ ಒಬ್ಬನಿದ್ದಾನೆ. ಅವನ ಜೊತೆ ಹೋರಾಟ ಶುರುವಾದ ಮೇಲೆ ಸೇವ್ ಮಾಡಿ, ಒಂದು ವಾರ ಬಿಟ್ಟು ಬಂದರೆ ವಯಸ್ಸಾಗಿ ಸತ್ತೇ ಹೋಗಿರುತ್ತಾನೆ. ಪಿಎಸ್2 ಗಡಿಯಾರವನ್ನು ಮುಂದಕ್ಕೆ ತಿರುಗಿಸಿದರೂ ಸಾಕು. ನಾನು ಹಾಗೆ ಮಾಡಲಿಲ್ಲ. ಕಾಡು ಪೂರ್ತಿ ಅಲೆದು, ಹೆಜ್ಜೆ ಗುರುತು ನೋಡಿ, ತೆವಳಿಕೊಂಡು ಹೋಗಿ ಹಿಡಿದೆ. ಅಷ್ಟು ತಾಳ್ಮೆಯ ಬೇಟೆ ಇರುವ ಬಾಸ್ ಫೈಟ್ ನಾನು ಇನ್ನೊಂದು ಆಡಿಲ್ಲ.

ಆಟದ ಕೊನೆಯ ಗುಂಡಿನ ಬಗ್ಗೆಯೂ ಹೇಳಲೇಬೇಕು. ಇನ್ನೂ ಆಡದವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಿ. ಹೋರಾಟ ಮುಗಿದಿರುತ್ತದೆ, ಗುರುವಿನಂತಿದ್ದ ಹೆಂಗಸು ಬಿಳಿ ಹೂವುಗಳ ನಡುವೆ ಬಿದ್ದಿರುತ್ತಾಳೆ. ಸಿನಿಮಾ ಥರ ದೃಶ್ಯ ನಡೆಯುತ್ತಾ ನಡೆಯುತ್ತಾ ಒಂದು ಕಡೆ ನಿಂತುಬಿಡುತ್ತದೆ. ಮುಂದಕ್ಕೆ ಹೋಗುವುದೇ ಇಲ್ಲ. ಸ್ಕ್ವೇರ್ ನೀವೇ ಒತ್ತಬೇಕು. ಆಟ ಉದ್ದಕ್ಕೂ ಆ ಬಟನ್ ಎಷ್ಟು ಸೂಕ್ಷ್ಮ ಅಂತ ಕಲಿಸಿ, ಕೊನೆಗೆ ಅದೇ ಬಟನ್ ಮುಂದೆ ತಂದು ನಿಲ್ಲಿಸುತ್ತಾರೆ. ಕಣ್ಣಲ್ಲಿ ನೀರು ಬಂತು.

ಇನ್ನು ಈಕೊ ಮತ್ತು ಶ್ಯಾಡೊ ಆಫ್ ದಿ ಕೊಲೋಸಸ್. ಒಂದು 2001ರದ್ದು, ಇನ್ನೊಂದು 2005ರದ್ದು, ಎರಡನ್ನೂ ನಿರ್ದೇಶಿಸಿದವರು ಫುಮಿಟೊ ಉಎಡ. ಇವೆರಡರಲ್ಲೂ ಮುಖ್ಯವಾದ ಬಟನ್ ಒಂದೇ, ಪ್ಯಾಡ್‌ನ ಮೇಲಂಚಿನಲ್ಲಿ ಬಲ ತೋರುಬೆರಳಿಗೆ ಸಿಗುವ ಆರ್1. ಇಲ್ಲಿ ಒತ್ತಡದ ಲೆಕ್ಕಕ್ಕಿಂತ ಬಿಡದೆ ಹಿಡಿದಿರುವುದೇ ದೊಡ್ಡದು.

ಈಕೊದಲ್ಲಿ ಆರ್1 ಅಂದರೆ, ಹುಡುಗನೊಬ್ಬ ಕಾಪಾಡಬೇಕಾದ ಹುಡುಗಿ ಯೋರ್ಡಾಳ ಕೈ. ಒತ್ತಿ ಹಿಡಿದಷ್ಟು ಹೊತ್ತು ಹುಡುಗ ಅವಳ ಕೈ ಹಿಡಿದು ಓಡುತ್ತಾನೆ, ಬಿಟ್ಟರೆ ಕೈ ಬಿಡುತ್ತಾನೆ. ಪರದೆಯ ಮೇಲೆ ಶಕ್ತಿಯ ಪಟ್ಟಿ ಇಲ್ಲ, ನಕ್ಷೆ ಇಲ್ಲ, ಅಂಕಿ ಇಲ್ಲ. ಆಟ ಸೇವ್ ಮಾಡಬೇಕಾದರೂ ಇಬ್ಬರೂ ಹೋಗಿ ಕಲ್ಲಿನ ಸೋಫಾ ಮೇಲೆ ಕೂರಬೇಕು. ಪಾಲ್ ಡಿಸ್ಕ್‌ನಲ್ಲಿ, ಅಂದರೆ ಯುರೋಪ್ ಕಡೆಯ ಟಿವಿ ಪದ್ಧತಿಗೆ ಮಾಡಿದ ಡಿಸ್ಕ್‌ನಲ್ಲಿ, ಇನ್ನೊಂದು ಉಡುಗೊರೆ ಇದೆ. ಆಟ ಒಮ್ಮೆ ಮುಗಿಸಿದರೆ ಎರಡನೇ ಪ್ಯಾಡ್‌ನಲ್ಲಿ ಇನ್ನೊಬ್ಬರು ಯೋರ್ಡಾಳಾಗಿ ಆಡಬಹುದು. ನಾನು ತಂಗಿಯ ಜೊತೆ ಆಡಿದೆ. ಅಭ್ಯಾಸಬಲದಿಂದ ಆರ್1 ಹಿಡಿದು ಎಳೆಯುತ್ತಿದ್ದರೆ ಅವಳು, "ಅಣ್ಣಾ, ಎಳ್ಕೊಂಡು ಹೋಗ್ಬೇಡ, ನಾನೇ ಬರ್ತೀನಿ" ಅಂತ ಗದರುತ್ತಿದ್ದಳು. ಒಬ್ಬನೇ ಆಡಿದಾಗ ಕಾಪಾಡುವ ಆಟವಾಗಿದ್ದದ್ದು ಇಬ್ಬರು ಆಡಿದಾಗ ಜೊತೆಗೆ ನಡೆಯುವ ಆಟವಾಯಿತು.

ಶ್ಯಾಡೊದಲ್ಲಿ ಅದೇ ಆರ್1, ಬೆಟ್ಟದಂಥ ದೈತ್ಯರ ಮೈಮೇಲಿನ ರೋಮ ಹಿಡಿದು ನೇತಾಡುವುದಕ್ಕೆ. ಒಟ್ಟು 16 ದೈತ್ಯರು. ಬೇರೆ ಶತ್ರುಗಳಿಲ್ಲ, ಊರಿಲ್ಲ, ಅಂಗಡಿಯಿಲ್ಲ. ದೈತ್ಯ ಮೈ ಕೊಡವುವಾಗ ಹಿಡಿಯಬೇಕು, ನಿಂತಾಗ ಚಪ್ಪಟೆ ಜಾಗ ನೋಡಿ ಬಿಟ್ಟು ಕೈಗೆ ವಿಶ್ರಾಂತಿ ಕೊಡಬೇಕು. ಹೊಸಬರು ಭಯಕ್ಕೆ ಬಿಡುವುದೇ ಇಲ್ಲ, ಹಿಡಿತದ ಶಕ್ತಿ ಖಾಲಿಯಾಗಿ ಬೀಳುತ್ತಾರೆ. ನನ್ನ ಮೆಚ್ಚಿನದು 13ನೆಯದು, ಮರಳುಗಾಡಿನ ಮೇಲೆ ಹಾರುವ ಉದ್ದನೆಯ ದೈತ್ಯ. ಅದು ನಿಮ್ಮ ಮೇಲೆ ದಾಳಿಯನ್ನೇ ಮಾಡುವುದಿಲ್ಲ. ಕುದುರೆ ಅಗ್ರೊ ಓಡುತ್ತಿರುವಾಗಲೇ ಬಾಣ ಬಿಟ್ಟು ಅದರ ಹೊಟ್ಟೆಯ ಗಾಳಿಚೀಲಗಳನ್ನು ಒಡೆಯಬೇಕು. ಗುರಿ ಇಡುವ ಹೊತ್ತಿನಲ್ಲಿ ದಾರಿಯನ್ನು ಅಗ್ರೊಗೇ ಬಿಟ್ಟುಬಿಡಿ, ಅವಳು ತಾನಾಗಿಯೇ ಓಡುತ್ತಾಳೆ. ಅವಳನ್ನು ನಂಬಿದ ಮೇಲೆ ಈ ಆಟ ಸಲೀಸು. ಪಿಎಸ್2ಗೆ ಈ ಆಟ ಭಾರವಾಗಿತ್ತು, ಕೆಲವು ಕಡೆ ಚಿತ್ರ ತಡೆದು ತಡೆದು ಓಡುತ್ತದೆ. 32 ಎಂಬಿ ಮೆಮೊರಿಯಲ್ಲಿ ಇಷ್ಟು ದೊಡ್ಡ ಬಯಲನ್ನು ಹಿಡಿಸಿದ್ದಾರಲ್ವಾ, ಅದಕ್ಕೆ ನನ್ನ ನಮಸ್ಕಾರ.

ಕ್ರಿಕೆಟ್ ಬಿಟ್ಟರೆ ಪಟ್ಟಿ ಪೂರ್ತಿ ಆಗುವುದಿಲ್ಲ. ಇಎ ಕ್ರಿಕೆಟ್ 07 ನಮ್ಮಲ್ಲಿ ಹೆಚ್ಚಿನವರು ಕಂಪ್ಯೂಟರಿನ ಕೀಬೋರ್ಡಿನಲ್ಲೇ ಆಡಿದ್ದು. ಪಿಎಸ್2ನಲ್ಲಿ ಆಡಿ ನೋಡಿ. ಬ್ಯಾಟಿಂಗ್‌ಗೆ ಸ್ಟಿಕ್ ಬಳಸಬಹುದು, ಹೊಡೆತದ ದಿಕ್ಕು ಹೆಬ್ಬೆರಳಲ್ಲೇ ಇರುತ್ತದೆ. ಕವರ್ ಡ್ರೈವ್ ಹೊಡೆದರೆ ಅದು ನಮ್ಮದೇ ಹೊಡೆತ ಅನ್ನಿಸುತ್ತದೆ.

ಈಗ ಇವನ್ನು ಆಡಲು ನಾನು ಮಾಡಿಕೊಂಡಿರುವ ವ್ಯವಸ್ಥೆ. ಸೋನಿ ಈ ಯಂತ್ರದ ತಯಾರಿಕೆ ನಿಲ್ಲಿಸಿ ವರ್ಷಗಳೇ ಆದವು, ಹಾಗಾಗಿ ಎಲ್ಲವೂ ಸೆಕೆಂಡ್‌ಹ್ಯಾಂಡ್. ನನ್ನದು ಹಳೇ ಡಬ್ಬಾ ಟಿವಿಯ ಮೇಲೆ ಕಾಂಪೊನೆಂಟ್ ಕೇಬಲ್‌ನಲ್ಲಿ ಓಡುತ್ತದೆ. ಎಲ್‌ಸಿಡಿ ಟಿವಿಗಳಲ್ಲಿ ಬಟನ್ ಒತ್ತಿದ್ದು ಪರದೆಗೆ ಬರಲು ಸ್ವಲ್ಪ ತಡವಾಗುತ್ತದೆ, ಹದವಾಗಿ ಒತ್ತುವ ಆಟಗಳಲ್ಲಿ ಅದು ಕೂಡಲೇ ಗೊತ್ತಾಗುತ್ತದೆ. ಎಲ್‌ಸಿಡಿಯೇ ಇದ್ದರೆ ಗೇಮ್ ಮೋಡ್ ಆನ್ ಮಾಡಿಕೊಳ್ಳಿ. ಪಾಲ್ ಡಿಸ್ಕ್ ಶುರುವಿನಲ್ಲಿ 50 ಅಥವಾ 60 ಹರ್ಟ್ಸ್ ಅಂತ ಕೇಳಿದರೆ 60 ಆರಿಸಿ.

ಎಮ್ಯುಲೇಟರ್, ಅಂದರೆ ಪಿಎಸ್2 ಆಟಗಳನ್ನು ಕಂಪ್ಯೂಟರಿನಲ್ಲಿ ಓಡಿಸುವ ಸಾಫ್ಟ್‌ವೇರ್, ನನಗೆ ಬೇಡ ಅಂತಲ್ಲ. ಆದರೆ ಡ್ಯುಯಲ್‌ಶಾಕ್ 4 (ಪಿಎಸ್4ರ ಪ್ಯಾಡ್) ಬಂದ ಮೇಲೆ ಎಕ್ಸ್, ಸ್ಕ್ವೇರ್‌ನಂಥ ಬಟನ್‌ಗಳಿಗೆ ಒತ್ತಡ ತಿಳಿಯುವುದಿಲ್ಲ. ಹಳೆಯದಾದ ಡ್ಯುಯಲ್‌ಶಾಕ್ 3ರಲ್ಲಿ ಅದು ಇತ್ತು. ಹೊಸ ಪ್ಯಾಡ್‌ನಲ್ಲಿ ಅರ್ಧ ಒತ್ತುವುದಕ್ಕೆ ಬೇರೆ ಒಂದು ಬಟನ್ ಗೊತ್ತುಮಾಡಿಕೊಳ್ಳಬೇಕು. ನನ್ನ ಮೆಚ್ಚಿನ ಆಟಗಳ ಜೀವವೇ ಅಲ್ಲಿ ಹೋಗುತ್ತದೆ.

ಆದ್ದರಿಂದ ಪ್ಯಾಡ್ ಉಳಿಸಿಕೊಳ್ಳುವುದೇ ದೊಡ್ಡ ಕೆಲಸ. ಒತ್ತಡ ಸರಿಯಾಗಿ ತಿಳಿಯದೆ ಹೋದರೆ ನಾನು ಹಿಂದಿನ ಸ್ಕ್ರೂ ಬಿಚ್ಚಿ, ಒಳಗಿನದರ ಒಂದು ಫೋಟೊ ತೆಗೆದಿಟ್ಟುಕೊಂಡು, ರಬ್ಬರ್ ಎತ್ತುತ್ತೇನೆ. ಅದರ ಕೆಳಗಿನ ಕಪ್ಪು ಕಾರ್ಬನ್ ಜಾಗಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಹತ್ತಿಯಿಂದ ಹಗುರವಾಗಿ ಒರೆಸಬೇಕು. ಉಜ್ಜಿದರೆ ಕಾರ್ಬನ್ನೇ ಎದ್ದು ಬರುತ್ತದೆ. ಪೂರ್ತಿ ಒಣಗಿದ ಮೇಲೆ ಮುಚ್ಚಿ.

ಸೆಕೆಂಡ್‌ಹ್ಯಾಂಡ್ ಪ್ಯಾಡ್ ತಗೊಳ್ಳುವಾಗ ಮೇಲಿನ ಹೆಸರು ಓದಿ, ಡ್ಯುಯಲ್‌ಶಾಕ್ ಪಕ್ಕ 2 ಇರಬೇಕು. ಪಿಎಸ್1ರ ಪ್ಯಾಡ್ ಕೂಡ ಇದಕ್ಕೆ ಹೊಂದುತ್ತದೆ, ನೋಡಲೂ ಒಂದೇ ಥರ, ಆದರೆ ಒತ್ತಡ ತಿಳಿಯುವುದಿಲ್ಲ. ನಕಲಿ ಪ್ಯಾಡ್‌ಗಳಲ್ಲೂ ಹೆಚ್ಚಿನವು ಹಾಗೆಯೇ. ಸಾಧ್ಯವಾದರೆ ಗ್ರಾನ್ ಟುರಿಸ್ಮೊ ಡಿಸ್ಕ್ ಜೊತೆಗೆ ಒಯ್ಯಿರಿ. ಅಂಗಡಿಯವರನ್ನು ಕೇಳಿ ಹಾಕಿಸಿ, ಕಾರನ್ನು ನೇರ ರಸ್ತೆಯಲ್ಲಿ ನಿಲ್ಲಿಸಿ, ಎಕ್ಸ್ ಮೇಲೆ ಹೆಬ್ಬೆರಳು ಒರಗಿಸಿ. ಎಂಜಿನ್ ಸದ್ದು ಮೆಲ್ಲಗೆ ಏರಿದರೆ ದುಡ್ಡು ಕೊಟ್ಟು ತಗೊಳ್ಳಿ. ಒಮ್ಮೆಗೇ ಕಿರುಚಿದರೆ ಇನ್ನೊಂದು ತೋರಿಸಿ ಅನ್ನಿ.