ಬೆಟ್ಟದ ಆಚೆಗಿನ ಮೋಟರ್‌ಗೆ ಲೋರಾ ರೇಡಿಯೋ: ನನ್ನ ಅನುಭವ

ಈ ಸಲ ಡಿಸೆಂಬರ್‌ನಿಂದ ಮೇ ಕೊನೆಯವರೆಗೆ ಹಳ್ಳದ ಮೋಟರನ್ನು ಮನೆಯ ಜಗುಲಿಯಲ್ಲಿ ಕೂತೇ ಹಾಕಿದ್ದೇನೆ, ಅಲ್ಲಿಂದಲೇ ಬಂದ್ ಮಾಡಿದ್ದೇನೆ. ನಡುವೆ ಒಂದು ಬೆಟ್ಟ ಇದೆ. ಪಂಪ್‌ಶೆಡ್ ಹತ್ತಿರ ಮೊಬೈಲ್ ಸಿಗ್ನಲ್ ಇಲ್ಲ. ವೈರ್ ಎಳೆದಿಲ್ಲ, ಸಿಮ್ ಹಾಕಿಲ್ಲ, ತಿಂಗಳ ಬಾಡಿಗೆಯೂ ಇಲ್ಲ. ಎಲ್ಲ ಲೋರಾದ ಮೇಲೆ, ಅಂದರೆ ಕಡಿಮೆ ಪವರ್‌ನಲ್ಲಿ ಚಿಕ್ಕ ಸಂದೇಶವನ್ನು ದೂರಕ್ಕೆ ಕಳಿಸುವ ರೇಡಿಯೋ ಮೇಲೆ. ಆಗುವುದಿಲ್ಲ ಎಂದವರು ಬಹಳ ಜನ ಇದ್ದರು, ಅದಕ್ಕೇ ಬರೆಯುತ್ತಿದ್ದೇನೆ. ಇಎಸ್‌ಪಿ32 ಎಂಬ ಚಿಕ್ಕ ಕಂಪ್ಯೂಟರ್ ಬೋರ್ಡ್, ರಿಲೇ ಸ್ವಿಚ್, ಸ್ಟಾರ್ಟರ್ ವೈರಿಂಗ್ ಗೊತ್ತಿದ್ದವರಿಗೆ ಮಾತ್ರ ಈ ಬರಹ. ಸ್ಟಾರ್ಟರ್ ಪೆಟ್ಟಿಗೆ ಯಾವತ್ತೂ ತೆರೆಯದವರು ತ್ರೀ ಫೇಸ್ ಮುಟ್ಟಲು ಹೋಗಬೇಡಿ.

ನಮ್ಮದು ಸಿದ್ದಾಪುರ ಕಡೆ. ಮನೆ, ಅಡಿಕೆ ತೋಟ ಬೆಟ್ಟದ ಈಚೆ. ಬೇಸಿಗೆಯಲ್ಲೂ ನೀರು ನಿಲ್ಲುವ ಹಳ್ಳ ಬೆಟ್ಟದ ಆಚೆ. ಪೈಪ್ ಬೆಟ್ಟದ ಬುಡ ಸುತ್ತಿ ಬರುತ್ತದೆ, ಹತ್ತಿರ ಹತ್ತಿರ ಎರಡು ಕಿ.ಮೀ. ನೇರ ಗೆರೆ ಎಳೆದರೆ 1.1 ಕಿ.ಮೀ. ಆಸುಪಾಸು. ತ್ರೀ ಫೇಸ್ ಕರೆಂಟ್ ರಾತ್ರಿ ಹನ್ನೊಂದಕ್ಕೋ ಬೆಳಗಿನ ಜಾವ ಮೂರಕ್ಕೋ ಬರುವುದು ನಿಮಗೂ ಗೊತ್ತು. ಟಾರ್ಚ್ ಹಿಡಿದು, ಕಾಡುಕೋಣ ಓಡಾಡುವ ದಾರಿಯಲ್ಲಿ ಹೋಗಿ ಮೋಟರ್ ಹಾಕಿ ಮನೆ ಮುಟ್ಟುವಷ್ಟರಲ್ಲಿ ಕರೆಂಟ್ ಹೋಗಿರುತ್ತದೆ. ಆಟೋ ಸ್ಟಾರ್ಟರ್ ಹಾಕಿದರೆ ಆಯಿತಲ್ವಾ ಎಂದು ಕೇಳಬೇಡಿ. ಏಪ್ರಿಲ್‌ನಲ್ಲಿ ಹಳ್ಳದ ಗುಂಡಿ ಒಂದೂವರೆ ಗಂಟೆಗೆ ಬರಿದಾಗುತ್ತದೆ. ಆಮೇಲೆ ಮೋಟರ್ ಒಣಗಿ ಓಡುತ್ತದೆ. ಒಂದು ಸಲ ವೈಂಡಿಂಗ್ ಸುಟ್ಟು ಏಳು ಸಾವಿರ ಹೋಯಿತು.

ಮೊದಲು ತಂದದ್ದು ಮಿಸ್ಡ್ ಕಾಲ್ ಕೊಟ್ಟರೆ ಶುರುವಾಗುವ ಜಿಎಸ್‌ಎಂ ಸ್ಟಾರ್ಟರ್. ಐದು ಸಾವಿರದ ಹತ್ತಿರ. ಶೆಡ್‌ನಲ್ಲಿ ಸಿಗ್ನಲ್ ಇಲ್ಲದಿದ್ದರೂ ಉದ್ದದ ಆಂಟೆನಾ ಹಾಕಿದರೆ ಬರುತ್ತದೆ ಎಂದು ಅಂಗಡಿಯವರು ಹೇಳಿದ್ದರು. ಮಾರುವಾಗ ಎಲ್ಲವೂ ಬರುತ್ತದೆ. ಆ ಪೆಟ್ಟಿಗೆಯೊಳಗಿನ ಮಾಡ್ಯೂಲ್ ಬರೀ 2ಜಿ. ಬೆಟ್ಟದ ತಿರುವಿನಲ್ಲಿ ಅಷ್ಟಿಷ್ಟು ಸಿಗುತ್ತಿದ್ದ ಸಿಗ್ನಲ್ 4ಜಿಯದು. ಅದೂ ಟವರ್‌ಗೆ ಕರೆಂಟ್ ಇದ್ದಾಗ ಮಾತ್ರ. ಪೆಟ್ಟಿಗೆ ಈಗಲೂ ಅಟ್ಟದ ಮೇಲಿದೆ. ಅದರ ರಿಲೇ ಎರಡನ್ನು ಕಿತ್ತು ಬಳಸಿಕೊಂಡಿದ್ದೇನೆ.

ಎರಡನೆಯದು 433 ಮೆಗಾಹರ್ಟ್ಸ್ ರಿಮೋಟ್. ಡಬ್ಬದ ಮೇಲೆ 3 ಕಿ.ಮೀ. ಎಂದು ಬರೆದಿತ್ತು. ನಮ್ಮ ಗದ್ದೆ ಬಯಲಿನಲ್ಲಿ 400 ಮೀಟರ್ ಹೋಯಿತು, ತೋಟದೊಳಗೆ 150. ಬೆಟ್ಟದ ಮಾತು ಬಿಡಿ. ಕೇಬಲ್ ಎಳೆಯುವ ಲೆಕ್ಕವನ್ನೂ ಹಾಕಿಸಿದ್ದೆ. ಎರಡು ಕಿ.ಮೀ.ಗೆ ಕೂಲಿ ಸೇರಿ ಅರವತ್ತು ಸಾವಿರ ದಾಟಿತು. ಮುಳ್ಳುಹಂದಿ ಪಿವಿಸಿ ಪೈಪನ್ನೇ ಕಡಿಯುವ ಜಾಗದಲ್ಲಿ ಕೇಬಲ್ ಎಷ್ಟು ದಿನ ಉಳಿದೀತು?

ಮೂರನೆಯದು ವೈಫೈ. 2.4 ಗಿಗಾಹರ್ಟ್ಸ್‌ನ ಹೊರಾಂಗಣ ರೇಡಿಯೋ ಜೋಡಿ, ಸೆಕೆಂಡ್ ಹ್ಯಾಂಡ್, ನಾಲ್ಕೂವರೆ ಸಾವಿರ. ಬೆಟ್ಟದ ಪಕ್ಕದ ಒಂದು ಕಣಿವೆ ಬಾಯಿಂದ ನುಗ್ಗಿಸಬಹುದು ಎಂದು ಲೆಕ್ಕ ಹಾಕಿದ್ದೆ. ಜನವರಿಯ ಬಿಸಿಲಲ್ಲಿ ಕೆಲವು ಗಂಟೆ ಸಿಕ್ಕಿತು. ಬೆಳಿಗ್ಗೆ ಇಬ್ಬನಿ ಬಿದ್ದರೆ ಇಲ್ಲ. ಎಲೆಯಲ್ಲಿರುವ ನೀರು ಈ ಬ್ಯಾಂಡನ್ನು ಚೆನ್ನಾಗಿ ಕುಡಿಯುತ್ತದೆ. ಸಾಲದ್ದಕ್ಕೆ ಎರಡೂ ಕಡೆ ದಿನಪೂರ್ತಿ ಕರೆಂಟ್ ಬೇಕು. ಮೋಟರ್ ಹಾಕು, ಬಂದ್ ಮಾಡು ಎಂಬ ನಾಲ್ಕು ಅಕ್ಷರ ಕಳಿಸಲು ಸಿನಿಮಾ ಕಳಿಸುವಷ್ಟು ದೊಡ್ಡ ದಾರಿ ಯಾಕೆ ಎಂದು ಆಗ ಅನಿಸಿತು.

ಹಾಗೆ ಲೋರಾಗೆ ಬಂದೆ. ಎಸ್‌ಎಕ್ಸ್1276 ಎಂಬ ಲೋರಾ ರೇಡಿಯೋ ಮಾಡ್ಯೂಲ್, ಬ್ಯಾಂಡ್‌ವಿಡ್ತ್ 125 ಕಿಲೋಹರ್ಟ್ಸ್. ನಮ್ಮ ದೇಶದಲ್ಲಿ 865ರಿಂದ 867 ಮೆಗಾಹರ್ಟ್ಸ್ 2005ರಿಂದಲೇ ಲೈಸೆನ್ಸ್ ಬೇಡದ ಜಾಗ. ಕೋಡ್‌ನಲ್ಲಿ 866 ಹಾಕಿ. ಅಮೆರಿಕದವರ ಉದಾಹರಣೆ ನಕಲು ಮಾಡಿ 915 ಬಿಡಬೇಡಿ. 902ರಿಂದ 915ರವರೆಗೆ ಇಲ್ಲಿ ಮೊಬೈಲ್ ಫೋನ್‌ಗಳು ಟವರಿಗೆ ಮಾತಾಡುವ ಜಾಗ. ಮಾಡ್ಯೂಲ್ ಜೊತೆ ಬರುವ ಆಂಟೆನಾವನ್ನೂ ನಂಬಬೇಡಿ. 868 ಬೋರ್ಡಿಗೆ 433ರ ಸ್ಪ್ರಿಂಗ್ ಕಟ್ಟಿ ಕಳಿಸುತ್ತಾರೆ. ಸುಮ್ನೆ 8.6 ಸೆಂ.ಮೀ. ತಾಮ್ರದ ತಂತಿ ನೆಟ್ಟಗೆ ನಿಲ್ಲಿಸಿ, ಬುಡದಲ್ಲಿ ನಾಲ್ಕು ತಂತಿ ಕೆಳಕ್ಕೆ ಬಾಗಿಸಿ. ಕೊಂಡದ್ದಕ್ಕಿಂತ ಅದೇ ವಾಸಿ.

ಮೊದಲು ಮನೆಯಿಂದ ಶೆಡ್‌ಗೆ ನೇರ ಬಿಟ್ಟೆ. ಎಸ್‌ಎಫ್ 12 (ಎಸ್‌ಎಫ್ ಏರಿದಷ್ಟೂ ಸಂದೇಶ ನಿಧಾನ, ಆದರೆ ದೂರ ಹೋಗುತ್ತದೆ), ಪೂರ್ತಿ ಪವರ್. ಆಶ್ಚರ್ಯ, ಸಿಕ್ಕಿತು! ಬೆಟ್ಟದ ನೆತ್ತಿ ಸವರಿಕೊಂಡು ಸ್ವಲ್ಪ ಬಾಗಿ ಬರುತ್ತಿತ್ತು. ಆದರೆ ಎಸ್‌ಎನ್‌ಆರ್, ಅಂದರೆ ಗದ್ದಲದ ಎದುರು ಸಿಗ್ನಲ್‌ನ ಬಲ, ಮೈನಸ್ 18, 19. ಮೈನಸ್ ಇಪ್ಪತ್ತಕ್ಕೆ ಎಸ್‌ಎಫ್ 12 ಕೈ ಬಿಡುತ್ತದೆ. ಹತ್ತು ಸಲ ಕಳಿಸಿದರೆ ಆರೇಳು ತಲುಪುತ್ತಿತ್ತು. ಒಂದೊಂದು ಸಂದೇಶ ಗಾಳಿಯಲ್ಲಿ ಒಂದು ಸೆಕೆಂಡಿಗಿಂತ ಜಾಸ್ತಿ ಹೊತ್ತು ಇರುತ್ತಿತ್ತು. ಮಾರ್ಚ್‌ನ ಮೊದಲ ಮಳೆಗೆ ಅದೂ ನಿಂತಿತು. ಬೆಂಗಳೂರಿನಲ್ಲಿ ಮೊಬೈಲ್ ನೆಟ್‌ವರ್ಕ್ ಕೆಲಸ ಮಾಡುವ ನಮ್ಮ ಭಾವ ಆಗಲೇ ಹೇಳಿದ, “ಬಿಡು ಮಾರಾಯ, ಬೆಟ್ಟದೆದುರು ನಿನ್ನ 100 ಮಿಲಿವ್ಯಾಟ್ ಯಾವ ಲೆಕ್ಕ?” ಊರಿನ ಎಲೆಕ್ಟ್ರಿಷಿಯನ್ ಅಂತೂ ನನ್ನ ಎದುರೇ ನಕ್ಕ.

ಪವರ್ ಜಾಸ್ತಿ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ನಾನು ಬೆಟ್ಟ ಹತ್ತಿದೆ. ಮೇಲಿನದು ನಮ್ಮ ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ. ಅಲ್ಲೊಂದು ರಿಪೀಟರ್, ಅಂದರೆ ಸಂದೇಶ ಕೇಳಿ ಮುಂದಕ್ಕೆ ಕಳಿಸುವ ರೇಡಿಯೋ, ಇಟ್ಟರೆ ಈಚೆ ಮನೆಗೆ 750 ಮೀಟರ್, ಆಚೆ ಶೆಡ್‌ಗೆ 350 ಮೀಟರ್. ಎರಡೂ ಕಣ್ಣಿಗೆ ಕಾಣುತ್ತವೆ. ಎಂಟು ಡಿಬಿಐ ಗೇನ್ ಇರುವ ಫೈಬರ್‌ಗ್ಲಾಸ್ ಕೋಲಿನ ಆಂಟೆನಾ ತಂದು ಕಟ್ಟಿದೆ, ಎರಡು ಸಾವಿರ ಕೊಟ್ಟು. ಮನೆ ಕಡೆ ಭರ್ಜರಿ ಸಿಗ್ನಲ್. ಹತ್ತಿರ ಇರುವ ಶೆಡ್ ಕಡೆ ಬಹಳ ಕಳಪೆ!

ತಲೆ ಕೆಟ್ಟುಹೋಯಿತು. ಮಾಡ್ಯೂಲ್ ಬದಲಿಸಿದೆ, ಕೇಬಲ್ ಬದಲಿಸಿದೆ. ಕಾರಣ ಬೇರೆಯೇ ಇತ್ತು. ಇಂಥ ಆಂಟೆನಾ ಸಿಗ್ನಲನ್ನು ತೆಳ್ಳಗೆ, ನೀರುದೋಸೆ ತರಹ ಅಡ್ಡಕ್ಕೆ ಹರಡುತ್ತದೆ. ಗೇನ್ ಎಂದರೆ ಅದೇ, ಮೇಲಿನದ್ದು ಕೆಳಗಿನದ್ದು ಕಿತ್ತು ಅಡ್ಡಕ್ಕೆ ಕೊಡುವುದು. ನಮ್ಮ ಶೆಡ್ ಬೆಟ್ಟದಿಂದ ನೂರು ಮೀಟರ್ ಕೆಳಗಿದೆ. 350 ಮೀಟರ್‌ಗೆ ನೂರು ಇಳಿತ ಎಂದರೆ 16 ಡಿಗ್ರಿ. ಸಿಗ್ನಲ್ ಶೆಡ್‌ನ ತಲೆಯ ಮೇಲಿಂದ ಆಚೆ ಊರಿಗೆ ಹೋಗುತ್ತಿತ್ತು. ಎರಡು ಸಾವಿರದ ಕೋಲು ಕೆಳಗಿಳಿಸಿ, ಹದಿನೈದು ರೂಪಾಯಿಯ ತಾಮ್ರದ ತಂತಿ ಆಂಟೆನಾ ಹಾಕಿದೆ. ಶೆಡ್ ಕಡೆ ಸಿಗ್ನಲ್ ಹತ್ತು ಡಿಬಿಗಿಂತ ಮೇಲೆ, ಅಂದರೆ ಹತ್ತು ಪಟ್ಟಿಗಿಂತ ಜಾಸ್ತಿ ಏರಿತು. ಮನೆ ಕಡೆ ಸ್ವಲ್ಪ ಇಳಿಯಿತು, ಆದರೂ ಬೇಕಾದಷ್ಟಿದೆ. ಆಮೇಲೆ ಎಸ್‌ಎಫ್ 9ಕ್ಕೆ ಇಳಿಸಿದೆ. ಸಂದೇಶ ಸೆಕೆಂಡಿನ ಐದನೇ ಒಂದು ಪಾಲಿನಲ್ಲಿ ಮುಗಿಯುತ್ತದೆ. ಇದನ್ನು ಭಾವನಿಗೆ ಹೇಳಿದೆ. ಅವನು ಟವರ್ ಆಂಟೆನಾ ಕೆಳಗೆ ಬಾಗಿಸುವ ಟಿಲ್ಟ್ ಬಗ್ಗೆ ಅರ್ಧ ಗಂಟೆ ವಿವರಿಸಿದ. ಮೊದಲೇ ಹೇಳಬಾರದಿತ್ತಾ?

ಕೇಬಲ್ ವಿಷಯ. ಆರ್‌ಜಿ58 ಎಂಬ ಆಂಟೆನಾ ಕೇಬಲ್ ಹತ್ತು ಮೀಟರ್ ಹಾಕಿದರೆ ಈ ಬ್ಯಾಂಡ್‌ನಲ್ಲಿ ಐದು ಡಿಬಿ ಹೋಗುತ್ತದೆ, ಅಂದರೆ ಮೂರರಲ್ಲಿ ಎರಡು ಪಾಲು ಪವರ್ ಕೇಬಲ್ಲಿನಲ್ಲೇ ಖಾಲಿ. ರೇಡಿಯೋವನ್ನೇ ಕಂಬದ ತುದಿಗೆ ಏರಿಸಿ, ಕೆಳಗಿನಿಂದ ಬರೀ ಕರೆಂಟ್ ಕೊಡಿ. ಮನೆ ಕಡೆ ನನಗೆ ಕೇಬಲ್ ಬೇಕೇ ಆಯಿತು. ಹಳೆಯ ಡಿಶ್ ಟಿವಿ ಕೇಬಲ್ ಹಾಕಿದೆ. ಅದು 75 ಓಮ್, 50 ಓಮ್‌ನ ರೇಡಿಯೋಗೆ ಹೊಂದುವುದಿಲ್ಲ ಎನ್ನುತ್ತಾರೆ. ಹೊಂದದೆ ಹೋಗುವ ನಷ್ಟ ನಾಲ್ಕೈದು ಪರ್ಸೆಂಟ್. ಅದೇ ಉದ್ದದ ಆರ್‌ಜಿ58ರ ಅರ್ಧದಷ್ಟೂ ನಷ್ಟ ಇಲ್ಲ, ದುಡ್ಡೂ ಇಲ್ಲ.

ಜಾಗ ಹುಡುಕುವಾಗ ಆಂಟೆನಾ ಎತ್ತಿ ನೋಡಲು ಪಕ್ಕದವರ ಕಾರ್ಬನ್ ಫೈಬರ್ ದೋಟಿ, ಅಂದರೆ ಅಡಿಕೆ ಕೊಯ್ಯುವ ಉದ್ದದ ಕೋಲು, ತಂದಿದ್ದೆ. ಅರವತ್ತು ಅಡಿ, ಕೈಯಲ್ಲಿ ಹೂವಿನಷ್ಟು ಹಗುರ. ಅಡಿಕೆ ಕೊನೆ ಕೊಯ್ಯಲು ಬಂದವನು, “ಇದೆಂತ ಸೋಮಿ, ಬೆಟ್ಟದಲ್ಲಿ ಯಾವ ಅಡಿಕೆ?” ಎಂದು ಕೇಳಿದ. ದೋಟಿಗೆ ತಾಗಿಸಿ ಕಟ್ಟಿದರೆ ಸಿಗ್ನಲ್ ಒಂದು ದಿಕ್ಕಿಗೆ ಸತ್ತೇ ಹೋಗುತ್ತಿತ್ತು. ಕಾರ್ಬನ್ ಫೈಬರ್‌ನಲ್ಲಿ ಕರೆಂಟ್ ಹರಿಯುತ್ತದೆ, ಲೋಹದ ಕಂಬ ಇದ್ದ ಹಾಗೆಯೇ. ತುದಿಗೆ ಎರಡಡಿ ಬಿದಿರು ಕಟ್ಟಿ ಅದರ ಮೇಲೆ ಇಟ್ಟಾಗ ಸರಿಯಾಯಿತು. ಕರೆಂಟ್ ಲೈನ್ ಇರುವ ಕಡೆ ಮಾತ್ರ ಈ ಸಾಹಸ ಬೇಡವೇ ಬೇಡ, ಜೀವ ಹೋಗುತ್ತದೆ.

ರಿಪೀಟರ್‌ಗೆ ಇಎಸ್‌ಪಿ32 ಇಡಬೇಡಿ, ಬ್ಯಾಟರಿ ತಿನ್ನುತ್ತದೆ. 3.3 ವೋಲ್ಟ್‌ನ ಪ್ರೊ ಮಿನಿ ಎಂಬ ಆರ್ಡುಯಿನೋ ಬೋರ್ಡ್ ಹಾಕಿ, ಎಲ್‌ಇಡಿ ಕಿತ್ತೆಸೆಯಿರಿ. ರೇಡಿಯೋ ಕೇಳುತ್ತಾ ಕೂರಲು 11–12 ಮಿಲಿಆಂಪ್, ಬೋರ್ಡ್‌ಗೆ ನಾಲ್ಕೈದು. ದಿನಕ್ಕೆ 0.4 ಆಂಪ್ ಅವರ್. 6 ಆಂಪ್ ಅವರ್‌ನ ಒಂದೇ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್ ಬಿಸಿಲೇ ಇಲ್ಲದೆ ಎರಡು ವಾರ ಎಳೆಯುತ್ತದೆ. ಅದು 3.2 ವೋಲ್ಟ್, ನಡುವೆ ರೆಗ್ಯುಲೇಟರ್ ಬೇಡ. ಜುಲೈನಲ್ಲಿ ತೋಟಕ್ಕೆ ನೀರು ಬೇಡ, ಆದರೂ ನಾನು ಹಠಕ್ಕೆ ಆರಿಸದೆ ಬಿಟ್ಟೆ. ನಮ್ಮ ಮಳೆಗಾಲ ದಾಟಿ ಬಂದಿದೆ. ಮೋಡದ ಬೆಳಕಲ್ಲೂ 10 ವ್ಯಾಟ್ ಸೋಲಾರ್ ಪ್ಯಾನಲ್ ಅಷ್ಟು ಕೊಡುತ್ತದೆ. ಏಪ್ರಿಲ್, ಮೇ ಸಿಡಿಲಿಗೆ ಏನು ಮಾಡಿದೆ ಎಂದು ಕೇಳುತ್ತೀರಿ. ನೆತ್ತಿಯ ಮೇಲೆ ಇಟ್ಟಿಲ್ಲ, ಕಬ್ಬಿಣದ ಕಂಬ ಹಾಕಿಲ್ಲ. ಅಷ್ಟು ಸಾಕು, ಉಳಿದದ್ದು ನನ್ನ ಹತ್ತಿರ ಇರಲಿ.

ಶೆಡ್ ಒಳಗಿನ ಕಿರಿಕಿರಿ ಬೇರೆ. ಸ್ಟಾರ್ಟರ್ ಒಳಗಿನ ದೊಡ್ಡ ಸ್ವಿಚ್, ಅಂದರೆ ಕಾಂಟ್ಯಾಕ್ಟರ್, ಎಳೆದ ಕ್ಷಣ ಬೋರ್ಡ್ ರೀಸೆಟ್ ಆಗುತ್ತಿತ್ತು. ಮೋಟರ್ ಟಕ್ ಟಕ್ ಎಂದು ಹತ್ತಿ ಆರಿ ಹತ್ತಿ ಆರಿ. ಕಾಯಿಲ್‌ಗೆ ಅಡ್ಡ ವೋಲ್ಟೇಜ್ ಹೊಡೆತ ತಡೆಯುವ ಆರ್‌ಸಿ ಸ್ನಬ್ಬರ್ ಹಾಕಿ, ರಿಲೇಗೆ ಬೇರೆ ಸಪ್ಲೈ ಕೊಟ್ಟ ಮೇಲೆ ನಿಂತಿತು. ಇನ್ನೊಂದು, ರಿಲೇ ಹತ್ತಿತು ಎಂಬ ಉತ್ತರಕ್ಕೆ ಬೆಲೆ ಇಲ್ಲ. ಮೋಟರ್ ವೈರಿಗೆ ಕರೆಂಟ್ ಅಳೆಯುವ ಸಿಟಿ ಹಾಕಿ ಆಂಪ್ ಎಷ್ಟು ಎಂದೇ ಉತ್ತರ ಬರಲಿ. ನಮ್ಮ 5 ಎಚ್‌ಪಿ ಏಳು ಆಂಪ್ ಚಿಲ್ಲರೆ ಎಳೆಯುತ್ತದೆ. ಗುಂಡಿ ಬರಿದಾದರೆ ನಾಲ್ಕಕ್ಕೆ ಇಳಿಯುತ್ತದೆ, ಆಗ ಯಾರನ್ನೂ ಕೇಳದೆ ಬಂದ್. ಮನೆಯ ಕಡೆಯಿಂದ ಹತ್ತು ನಿಮಿಷ ಸುದ್ದಿ ಇಲ್ಲದಿದ್ದರೂ ಬಂದ್. ಸಂದೇಶಕ್ಕೆ ನಂಬರ್ ಕೊಡಿ. ಇಲ್ಲದಿದ್ದರೆ ಹಳೆಯ ಸಂದೇಶ ಸುತ್ತಿ ಬಂದು ನಿಲ್ಲಿಸಿದ ಮೋಟರ್ ಮತ್ತೆ ಶುರುವಾಗುತ್ತದೆ. ಆ ನಂಬರನ್ನು ಹೊರಗಿನವರು ಊಹಿಸದ ಹಾಗೆ ಮಾಡುವ ಲೆಕ್ಕ ನಾನು ಹೇಳುವುದಿಲ್ಲ. ಈ ಬರಹ ಓದುವವರಲ್ಲಿ ನಮ್ಮ ಊರಿನ ಹುಡುಗರೂ ಇದ್ದಾರೆ.

ಖರ್ಚು ನೆನಪಿನಿಂದ ಹೇಳುತ್ತೇನೆ. ಈಗ ಓಡುತ್ತಿರುವುದಕ್ಕೆ ಮೂರು ರೇಡಿಯೋ, ಸೆಲ್, ಪ್ಯಾನಲ್, ಪೆಟ್ಟಿಗೆ, ಸಿಟಿ, ಎಲ್ಲ ಸೇರಿ ಆರೂವರೆ ಸಾವಿರ. ಅದಕ್ಕೂ ಮೊದಲು ಹಾಳಾದದ್ದು ಹದಿನಾಲ್ಕು ಸಾವಿರದ ಮೇಲೆ, ಸುಟ್ಟ ವೈಂಡಿಂಗ್ ಬಿಟ್ಟು.

ವೈಫೈ ಕೆಲಸಕ್ಕೆ ಬಾರದು ಎಂದು ನಾನು ಹೇಳಿದೆ ಎಂದು ತಿಳಿಯಬೇಡಿ. ಮಾವನ ಮನೆಯಿಂದ ಅವರ ಅಡಿಕೆ ಅಂಗಳಕ್ಕೆ, ಗದ್ದೆ ಬಯಲಿನ ಮೇಲೆ 3 ಕಿ.ಮೀ., 5 ಗಿಗಾಹರ್ಟ್ಸ್ ಲಿಂಕ್ ನಾನೇ ಹಾಕಿಕೊಟ್ಟೆ. 2018ರಿಂದ ಈ ಬ್ಯಾಂಡ್ ಹೊರಾಂಗಣಕ್ಕೂ ಲೈಸೆನ್ಸ್ ಇಲ್ಲದೆ ಸಿಗುತ್ತದೆ. ಕ್ಯಾಮೆರಾ ಚಿತ್ರ ನೀರು ಹರಿದ ಹಾಗೆ ಬರುತ್ತದೆ, 70–80 ಎಂಬಿಪಿಎಸ್. ಎರಡನೇ ವರ್ಷ ಅರ್ಧಕ್ಕೆ ಬಿತ್ತು. ನಡುವೆ ಒಂದು ಬಿದಿರು ಮೆಳೆ ಬೆಳೆದಿತ್ತು. ಕಣ್ಣಿಗೆ ಆಚೆ ಕಡೆ ಕಾಣುತ್ತಿತ್ತು, ಆದರೆ ಅಷ್ಟು ದೂರಕ್ಕೆ ನಡುಮಧ್ಯದಲ್ಲಿ ಸುತ್ತ ಆರು ಮೀಟರ್ ಖಾಲಿ ಬೇಕು. ಮೆಳೆ ಕಡಿಸಲು ಐನೂರು ರೂಪಾಯಿ, ವೇಗ ವಾಪಸ್.

ಇದರ ನಡುವೆ ಒಂದು ದಿನ ಬೆಟ್ಟದ ರಿಪೀಟರ್ ಎಷ್ಟು ದೂರ ಕೇಳುತ್ತದೆ ಎಂದು ಜೀಪಿನಲ್ಲಿ ಹೊರಟೆ. ಹದಿನಾಲ್ಕು ಕಿ.ಮೀ. ಆಚೆ ಒಂದು ತಿರುವಿನಲ್ಲಿ ಸಿಕ್ಕಿತು, ಅದರ ಮುಂದೆ ಘಟ್ಟ ಇಳಿತ. ಯಾವ ಉಪಯೋಗಕ್ಕೂ ಅಲ್ಲ, ಖುಷಿಗೆ. ಟ್ಯಾಂಕಿನ ನೀರಿನ ಮಟ್ಟ ಈಗ ಅದೇ ರಿಪೀಟರ್ ಮೇಲೆ ಬರುತ್ತಿದೆ. ಮಣ್ಣಿನ ತೇವ ನೋಡುವ ಅಗ್ಗದ ಸೆನ್ಸರ್‌ಗಳು ಎರಡು ತಿಂಗಳಿಗೇ ತುಕ್ಕು ಹಿಡಿದವು, ಅದನ್ನು ಬಿಟ್ಟಿದ್ದೇನೆ.

ನಕ್ಕಿದ್ದ ಎಲೆಕ್ಟ್ರಿಷಿಯನ್ ಮೊನ್ನೆ ಬಂದು, ಅವನ ಗಿರಾಕಿ ಇಬ್ಬರಿಗೆ ಇಂಥದ್ದೇ ಬೇಕಂತೆ ಎಂದ. ಸೆಟ್‌ಗೆ ಒಂಬತ್ತು ಸಾವಿರ ಹೇಳಿದ್ದೇನೆ. ಬೆಟ್ಟ ಹತ್ತಿ ಜಾಗ ನೋಡುವ ಕೂಲಿ ಬೇರೆ.