ಸುರಂಗದ ನೀರಿನಿಂದ ಪಂಪಿಲ್ಲದ ಹನಿ ನೀರಾವರಿ: ನನ್ನ ಅನುಭವ

ಕಾಸರಗೋಡು ಜಿಲ್ಲೆಯ ಎಣ್ಮಕಜೆ, ಪೈವಳಿಕೆ, ಬಾಯಾರು ಕಡೆಯ ಗುಡ್ಡದ ಮನೆಗಳಿಗೆ ಸುರಂಗದ ನೀರು ಇಂದಿಗೂ ತನ್ನಷ್ಟಕ್ಕೆ ಹರಿದು ಬರುತ್ತದೆ. ಕೆಂಪುಕಲ್ಲಿನ ಗುಡ್ಡದ ಬದಿಗೆ ಅಡ್ಡಲಾಗಿ, ಒಬ್ಬರು ಬಗ್ಗಿ ನಡೆಯುವಷ್ಟೇ ಅಗಲ ಎತ್ತರಕ್ಕೆ ಕೊರೆದ ಈ ಮಾರ್ಗಗಳಲ್ಲಿ ಒಸರುವ ನೀರನ್ನು ಹಿಂದಿನವರು ಅಡಿಕೆ ಮರ ಸೀಳಿ ಟೊಳ್ಳು ಮಾಡಿದ ದಂಬೆಯಲ್ಲಿ ಅಂಗಳಕ್ಕೆ ತಂದುಕೊಳ್ಳುತ್ತಿದ್ದರು. ಈಗ ದಂಬೆಯ ಜಾಗಕ್ಕೆ ಕರಿ ಪೈಪು ಬಂದಿದೆ. ನಮ್ಮ ಮೇಲಿನ ಸುರಂಗದ ನೀರನ್ನು ಪಂಪಿನ ಹಂಗಿಲ್ಲದೆ 400 ಅಡಿಕೆ ಮರಗಳ ಬುಡಕ್ಕೆ ಹನಿಸುವ ಏರ್ಪಾಡನ್ನು ನಾನು ಮನೆಯವರ ನೆರವಿನಿಂದ ಕೈಯಾರೆ ಮಾಡಿಕೊಂಡಿದ್ದೇನೆ. ಇಂಥ ಕೆಲಸಕ್ಕೆ ಹೊರಡುವವರು ಮೊದಲು ಪೈಪಿನ ಅಂಗಡಿಗೆ ಹೋಗುವುದನ್ನು ಕಾಣುತ್ತೇನೆ. ಆದರೆ ಗುಡ್ಡದ ನೀರು ಸರಿಯಾಗಿ ಬರುವುದೂ ಬಾರದಿರುವುದೂ ನಿರ್ಧಾರವಾಗುವುದು ಮಟ್ಟ ಮತ್ತು ಗಾಳಿ ಎಂಬ ಎರಡು ಸಂಗತಿಗಳಿಂದ.

ನೀರಿನ ಲೆಕ್ಕವನ್ನು ಏಪ್ರಿಲ್ ಕೊನೆಯಲ್ಲಿ, ಬೇಸಗೆ ಮಳೆ ಬೀಳುವ ಮುನ್ನ ತೆಗೆಯಬೇಕು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ನಮ್ಮಲ್ಲಿ ಡಿಸೆಂಬರಿನ ಹರಿವನ್ನು ನಂಬಿ ತೋಟದ ಲೆಕ್ಕ ಹಾಕುವಂತಿಲ್ಲ. ಅಳತೆಗೆ ಒಂದು ಬಕೆಟ್ಟು, ಒಂದು ಗಡಿಯಾರ ಸಾಕು. ನಮ್ಮ ಸುರಂಗದಲ್ಲಿ ಏಪ್ರಿಲ್ ಕೊನೆಗೆ ನಿಮಿಷಕ್ಕೆ 6 ಲೀಟರ್ ಸಿಗುತ್ತದೆ. ಕೇಳಲು ಅಲ್ಪವೆನಿಸಿದರೂ ಹಗಲಿರುಳು ಹರಿಯುವ ನೀರಾದ್ದರಿಂದ ಅದು ದಿನಕ್ಕೆ 8,640 ಲೀಟರ್ ಆಗುತ್ತದೆ. ಹನಿ ನೀರಾವರಿಯಲ್ಲಿ ಅಡಿಕೆ ಮರವೊಂದಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕಾಗುವುದರಿಂದ 400 ಮರಗಳಿಗೆ ಇದು ಸರಿಹೋಗುತ್ತದೆ.

ಸುರಂಗದ ಒಳಗಿನ ಕೆಲಸ ಸಣ್ಣದು, ಆದರೆ ಜಾಗ್ರತೆಯದು. ಮಳೆಗಾಲದಲ್ಲಿ ಒಳಗೆ ಹೋಗಬಾರದು, ಬಾಯಿಯ ಬಳಿ ಇನ್ನೊಬ್ಬರು ನಿಲ್ಲದೆ ಯಾವ ಕಾಲದಲ್ಲೂ ಹೋಗಬಾರದು. ಹಳಬರು ಮಾಡುತ್ತಿದ್ದಂತೆ ಉರಿಯುವ ಮೇಣದಬತ್ತಿ ಕೈಯಲ್ಲಿರಬೇಕು, ಅದರ ಉರಿ ಕುಗ್ಗಿದಲ್ಲಿಂದಲೇ ಹಿಂದಿರುಗಬೇಕು. ಬಾಯಿಯಿಂದ ನಾಲ್ಕೈದು ಹೆಜ್ಜೆ ಒಳಗೆ, ಜೇಡಿಮಣ್ಣನ್ನು ತುಳಿದು ಹದಮಾಡಿ ಒಂದೂವರೆ ಅಡಿ ಎತ್ತರದ ಕಟ್ಟ ಹಾಕಿದ್ದೇನೆ. ಪೈಪನ್ನು ತಳಕ್ಕೆ ತಾಗಿಸದೆ ಅರ್ಧ ಅಡಿ ಮೇಲೆ ಕೂರಿಸಿದ್ದರಿಂದ ನವಿರು ಮರಳು ಕೆಳಗೇ ತಂಗುತ್ತದೆ. ಕಟ್ಟದ ನೆತ್ತಿಗಿಂತ ಸ್ವಲ್ಪ ಕೆಳಗೆ ಇನ್ನೊಂದು ಪೈಪು ಇಟ್ಟಿದ್ದೇನೆ. ಅದಿಲ್ಲದಿದ್ದರೆ ಮಳೆಗಾಲದ ಹೆಚ್ಚುವರಿ ನೀರು ಕಟ್ಟವನ್ನೇ ಕೊಚ್ಚಿಕೊಂಡು ಹೋಗುತ್ತದೆ.

ಇನ್ನು ಮಟ್ಟ. ಗುಡ್ಡದಲ್ಲಿ ಕಣ್ಣಂದಾಜು ಕೈಕೊಡುತ್ತದೆ, ಏಕೆಂದರೆ ಸುತ್ತಲಿನ ಇಳಿಜಾರಿನ ನಡುವೆ ತುಸು ಏರುವ ಹಾದಿಯೂ ಇಳಿದಂತೆಯೇ ತೋರುತ್ತದೆ. ಗಾರೆ ಕೆಲಸದವರು ಬಳಸುವ 15 ಮೀಟರ್ ಉದ್ದದ ಪಾರದರ್ಶಕ ಟ್ಯೂಬು ಮತ್ತು ಸೆಂಟಿಮೀಟರ್ ಗುರುತು ಹಾಕಿದ ಎರಡು ನೇರ ಕೋಲುಗಳಿಂದ ಇಡೀ ಹಾದಿಯನ್ನು ಅಳೆಯಬಹುದು. ಟ್ಯೂಬಿಗೆ ನೀರು ತುಂಬುವಾಗ ಒಂದು ತುದಿಯನ್ನು ಬಕೆಟ್ಟಿನಲ್ಲಿ ಮುಳುಗಿಸಿ ಇನ್ನೊಂದು ತುದಿಯಿಂದ ಎಳೆದು, ಮಧ್ಯೆ ಗುಳ್ಳೆಯೊಂದೂ ಉಳಿಯದಂತೆ ಬೆರಳಿನಿಂದ ತಟ್ಟುತ್ತ ಹೊರಡಿಸಬೇಕು. ಉದ್ದಿನ ಕಾಳಿನಷ್ಟು ಗುಳ್ಳೆ ಸಿಕ್ಕಿಕೊಂಡರೂ ಅಳತೆ ತಪ್ಪುತ್ತದೆ. ನಡೆಯುವಾಗ ಎರಡೂ ತುದಿಗಳನ್ನು ಹೆಬ್ಬೆರಳಿನಿಂದ ಮುಚ್ಚಿ, ಕೋಲುಗಳನ್ನು ನೆಲಕ್ಕೂರಿದ ಮೇಲೆ ಒಮ್ಮೆಗೇ ತೆರೆದರೆ, ನೀರು ಕೆಲವು ಸಲ ಮೇಲೆ ಕೆಳಗೆ ತೂಗಾಡಿ ಕೊನೆಗೆ ನಿಲ್ಲುತ್ತದೆ. ಎರಡು ಕೋಲುಗಳಲ್ಲಿ ನೀರು ನಿಂತ ಗುರುತುಗಳ ವ್ಯತ್ಯಾಸವೇ ಅಲ್ಲಿನ ಇಳಿತ. ಪ್ರತಿ ನಿಲುಗಡೆಯಲ್ಲೂ ಗೂಟ ನೆಟ್ಟು, ಅಂಕೆಯನ್ನು ಪುಸ್ತಕದಲ್ಲಿ ಬರೆದುಕೊಂಡು ಮುಂದುವರಿಯಬೇಕು. ಹೀಗೆ ಅಳೆದಾಗ ಸುರಂಗದ ಕಟ್ಟದಿಂದ ನೀರು ಕೂಡಿಡುವ ಟ್ಯಾಂಕಿಯ ಜಾಗಕ್ಕೆ 90 ಮೀಟರ್ ಹಾದಿಯಲ್ಲಿ 2.4 ಮೀಟರ್ ಇಳಿತವಿರುವುದೂ, ಟ್ಯಾಂಕಿಯ ತಳದಿಂದ ತೋಟದ ಮೇಲಿನ ಸಾಲು 6 ಮೀಟರ್, ಕೆಳಗಿನ ಸಾಲು 14 ಮೀಟರ್ ತಗ್ಗಿನಲ್ಲಿರುವುದೂ ತಿಳಿಯಿತು. ಪ್ರತಿ 10 ಮೀಟರ್ ಇಳಿತಕ್ಕೆ ಚದರ ಸೆಂಟಿಮೀಟರಿಗೆ ಒಂದು ಕಿಲೋ ಒತ್ತಡ ಸಿಗುತ್ತದೆ. ಒತ್ತಡ ಹುಟ್ಟುವುದು ಟ್ಯಾಂಕಿಯ ಎತ್ತರದಿಂದಲೇ ಹೊರತು ಅದರ ಗಾತ್ರದಿಂದಲ್ಲ ಎಂಬುದನ್ನು ಟ್ಯಾಂಕಿ ಕಟ್ಟಿಸುವ ಎಲ್ಲರಿಗೂ ನಾನು ಒತ್ತಿ ಹೇಳುತ್ತೇನೆ.

ಅಂಕೆಗಳನ್ನು ಸಾಲಾಗಿ ಬರೆದಾಗ ಹಾದಿ ಮಧ್ಯದಲ್ಲಿ ಎಲ್ಲಿ ಏರಿ ಇಳಿಯುತ್ತದೆ ಎಂಬುದೂ ಕಾಣಿಸುತ್ತದೆ. ಗಾಳಿ ಕೂರುವುದು ಅಲ್ಲಿಯೇ. ನೀರಿನ ಜತೆ ಒಳಸೇರಿದ ಗಾಳಿ ಪೈಪಿನ ಎತ್ತರದ ಬಾಗಿನಲ್ಲಿ ಸೇರಿಕೊಂಡು ಹಾದಿಯನ್ನು ಕಿರಿದುಗೊಳಿಸುತ್ತದೆ. ಇಳಿತ ಕಡಿಮೆಯಿದ್ದರೆ ಹರಿವನ್ನು ಪೂರ್ತಿ ನಿಲ್ಲಿಸಲೂಬಹುದು. ತುದಿಯಲ್ಲಿ ನೀರು ಬಿಟ್ಟುಬಿಟ್ಟು, ಉಗುಳಿದಂತೆ ಬರುವುದೇ ಅದರ ಲಕ್ಷಣ. ಇದನ್ನು ಕಂಡು ಪೈಪು ಸಪೂರವಾಯಿತೆಂದು ದಪ್ಪ ಪೈಪು ಹಾಕಿಸಿದವರು ನಮ್ಮ ಕಡೆ ಹಲವರಿದ್ದಾರೆ, ಆದರೆ ದಪ್ಪ ಪೈಪಿನ ಬಾಗಿನಲ್ಲೂ ಗಾಳಿ ಹಾಗೆಯೇ ಕೂರುತ್ತದೆ. ಉಬ್ಬು ಬರಿಯ ಮಣ್ಣಾಗಿದ್ದಲ್ಲಿ ನಾನು ನೆಲ ಅಗೆದು ಪೈಪನ್ನು ತಗ್ಗಿಸಿದ್ದೇನೆ. ಪಾದೆಕಲ್ಲು ಅಡ್ಡ ಬಂದ ಒಂದು ಕಡೆ ಅಗೆಯುವುದು ಸಾಧ್ಯವಿರಲಿಲ್ಲ. ಅಲ್ಲಿ ಬಾಗಿನ ನೆತ್ತಿಯಲ್ಲೇ ಟೀ ಎಂಬ ಮೂರು ಬಾಯಿಯ ಪೈಪು ಜೋಡಣೆಯೊಂದನ್ನು ಕೂರಿಸಿ, ಅದಕ್ಕೆ ಅರ್ಧ ಇಂಚಿನ ಪೈಪನ್ನು ನೆಟ್ಟಗೆ ನಿಲ್ಲಿಸಿದ್ದೇನೆ. ಈ ಗಾಳಿಕೊಳವೆಯ ಬಾಯಿ ಸುರಂಗದ ಕಟ್ಟದ ನೀರಿನ ಮಟ್ಟಕ್ಕಿಂತ ಮೇಲಿರಬೇಕು, ಇಲ್ಲದಿದ್ದರೆ ಮುಂದೆಲ್ಲಾದರೂ ತಡೆಯಾದಾಗ ಅಲ್ಲಿಂದಲೇ ನೀರು ಚೆಲ್ಲುತ್ತದೆ. ಆ ಎತ್ತರವನ್ನೂ ಟ್ಯೂಬಿನಿಂದಲೇ ಗುರುತಿಸಿ, ಬಾಯನ್ನು ಕೆಳಮುಖವಾಗಿ ಬಾಗಿಸಿ, ಕಣಜ ಗೂಡು ಕಟ್ಟದಂತೆ ನೈಲಾನ್ ಬಲೆ ಬಿಗಿದಿದ್ದೇನೆ. ಮುಖ್ಯ ಪೈಪನ್ನು ಸಾಧ್ಯವಿದ್ದಲ್ಲೆಲ್ಲ ಒಂದೂವರೆ ಅಡಿ ಆಳಕ್ಕೆ ಹೂತಿರುವುದರಿಂದ ಬಿಸಿಲು, ಬೆಂಕಿ, ಮುಳ್ಳುಹಂದಿಗಳ ಕಾಟವೂ ತಪ್ಪಿದೆ.

ಟ್ಯಾಂಕಿಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಗುಡ್ಡದ ತಟ್ಟಿನಲ್ಲಿ ತೋಡಿದ ಹೊಂಡಕ್ಕೆ ಚೂಪು ಕಲ್ಲು, ಬೇರುಗಳನ್ನು ಆಯ್ದು ತೆಗೆದು, ಸೋಸಿದ ಮಣ್ಣು ಬಳಿದು ಸಿಲ್ಪಾಲಿನ್ ಎಂಬ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದ್ದೇನೆ. ಬಿಸಿಲು ಬಿದ್ದರೆ ಪಾಚಿ ಬೆಳೆದು ನೀರು ಹನಿಸುವ ಡ್ರಿಪ್ಪರ್ ಕಟ್ಟಿಕೊಳ್ಳುವುದರಿಂದ ಮೇಲೆ ಚಪ್ಪರ ಹಾಕಿ ತೆಂಗಿನ ಮಡಲು ಹೊದಿಸಿದ್ದೇನೆ.

ತೋಟದಲ್ಲಿ ಪ್ರತಿ ಮರಕ್ಕೂ ಗಂಟೆಗೆ 4 ಲೀಟರಿನ ಎರಡು ಡ್ರಿಪ್ಪರುಗಳಿವೆ. ಸಾಮಾನ್ಯ ಡ್ರಿಪ್ಪರಿನ ಈ ಅಂಕೆ ಒಂದು ಕಿಲೋ ಒತ್ತಡಕ್ಕೆ ಹೇಳಿದ್ದು; ಒತ್ತಡ ಕಾಲು ಭಾಗಕ್ಕಿಳಿದರೆ ಹನಿ ಅರ್ಧಕ್ಕಿಳಿಯುತ್ತದೆ. ಹಾಗಾಗಿ ಇಳಿಜಾರಿನ ತೋಟವನ್ನು ಒಂದೇ ಕವಾಟದಲ್ಲಿ ತೆರೆದರೆ ಕೆಳಗಿನ ಸಾಲಿಗೆ ಮೇಲಿನದರ ಒಂದೂವರೆ ಪಾಲು ನೀರು ಬೀಳುತ್ತದೆ, ಮೇಲಿನ ಮರಗಳು ಹಸಿದೇ ಉಳಿಯುತ್ತವೆ. ನಾನು ತೋಟವನ್ನು ತಟ್ಟುಗಳಿಗೆ ಸರಿಯಾಗಿ ಮೂರು ಭಾಗ ಮಾಡಿ, ಡ್ರಿಪ್ಪರುಗಳಿರುವ ಸಣ್ಣ ಪೈಪುಗಳಾದ ಲ್ಯಾಟರಲ್‌ಗಳನ್ನು ಇಳಿಜಾರಿಗೆ ಅಡ್ಡಲಾಗಿ ಸಮಮಟ್ಟದಲ್ಲಿ ಎಳೆದು, ಭಾಗಕ್ಕೊಂದು ಗೇಟ್ ವಾಲ್ವ್ ಕೊಟ್ಟಿದ್ದೇನೆ. ಕತ್ತರಿಸಿದ ಬಾಟಲಿಯನ್ನು ಡ್ರಿಪ್ಪರಿನ ಅಡಿಗಿಟ್ಟು ಹತ್ತು ನಿಮಿಷ ಅಳೆದರೆ ಮೇಲಿನ ಸಾಲಿನಲ್ಲಿ ಅರ್ಧ ಲೀಟರ್, ಕೆಳಗೆ ಸುಮಾರು ಮುಕ್ಕಾಲು ಲೀಟರ್ ಸಿಗುತ್ತದೆ. ಅದರಂತೆ ಮೇಲಿನ ಭಾಗಕ್ಕೆ ಮೂರೂಕಾಲು ಗಂಟೆ, ಕೆಳಗಿನದಕ್ಕೆ ಎರಡು ಗಂಟೆಗಿಂತ ಸ್ವಲ್ಪ ಹೆಚ್ಚು ಹೊತ್ತು ನೀರು ಬಿಡುತ್ತೇನೆ. ಪ್ರತಿ ವಾಲ್ವಿನ ಕೆಳಗೂ ಸಣ್ಣ ಗಾಳಿಕೊಳವೆ ಬೇಕು, ಏಕೆಂದರೆ ವಾಲ್ವ್ ಮುಚ್ಚಿದಾಗ ಪೈಪಿನ ನೀರು ಕೆಳಗಿಳಿಯುತ್ತ ಹಿಂದೆ ನಿರ್ವಾತ ಉಂಟಾಗಿ, ಡ್ರಿಪ್ಪರುಗಳು ಬುಡದ ಕೆಸರನ್ನು ಒಳಗೆಳೆದುಕೊಳ್ಳುತ್ತವೆ.

ಸುರಂಗದ ನೀರು ನೋಡಲು ಸ್ಫಟಿಕದಂತಿದ್ದರೂ ಕೆಂಪುಕಲ್ಲಿನ ಕಬ್ಬಿಣದ ಅಂಶದಿಂದ ಪೈಪಿನೊಳಗೆ ಕಂದು ಬಣ್ಣದ ಲೋಳೆ ಕಟ್ಟುತ್ತದೆ. ಟ್ಯಾಂಕಿಯ ಹೊರಬಾಯಿಗೆ 120 ಮೆಶ್‌ನ ಜಾಲರಿ ಫಿಲ್ಟರ್ ಇದೆ, ಆದರೂ ಲೋಳೆ ಫಿಲ್ಟರಿನ ಆಚೆಗೂ ಬೆಳೆಯುತ್ತದೆ. ಅದಕ್ಕೆ ನಾನು ಕಂಡುಕೊಂಡ ಉಪಾಯವೆಂದರೆ ಲ್ಯಾಟರಲ್‌ಗಳ ತುದಿಯ ಮುಚ್ಚಳ ತೆಗೆದು ಕಂದು ನೀರು ಹೋಗಿ ತಿಳಿನೀರು ಬರುವವರೆಗೆ ಹರಿಯಗೊಡುವುದು. ಬೇಸಗೆಯಲ್ಲಿ ಹದಿನೈದು ದಿನಕ್ಕೊಮ್ಮೆಯಾದರೂ ಇದು ಆಗಬೇಕು. ಜೂನ್ ಹತ್ತಿರವಾದಾಗ ಮುಚ್ಚಳಗಳನ್ನೆಲ್ಲ ತೆಗೆದಿಟ್ಟು, ಕಣಿ (ತೋಟದ ನೀರು ಬಸಿದು ಹೋಗುವ ಕಾಲುವೆ) ಬಿಡಿಸುವವರ ಹಾರೆಗೆ ಸಿಗದಂತೆ ಕೆಳಗಿನ ಸಾಲಿನ ಲ್ಯಾಟರಲ್‌ಗಳನ್ನು ಸುತ್ತಿ ಮರಕ್ಕೆ ಕಟ್ಟಿ, ಟ್ಯಾಂಕಿಯ ಹೆಚ್ಚುವರಿ ನೀರನ್ನು ಕಣಿಗೆ ತಿರುಗಿಸಿಬಿಟ್ಟರೆ ಮತ್ತೆ ನವೆಂಬರ್ ಕೊನೆಯವರೆಗೆ ಇದರಲ್ಲಿ ಕೈಯಿಡುವ ಕೆಲಸವಿಲ್ಲ.